ಓಡಿದವರಿಗೆ 1,500 ಡಾಲರ್ ದಂಡ, ಅಟ್ಟಿದವರಿಗೆ 5,000

1980ರ ನವೆಂಬರ್ 6. ವಾಷಿಂಗ್ಟನ್‌ನ ಫೆಡರಲ್ ಕೋರ್ಟಿನಲ್ಲಿ ಎಫ್‌ಬಿಐನ ಇಬ್ಬರು ಮಾಜಿ ಅಧಿಕಾರಿಗಳು ತಪ್ಪಿತಸ್ಥರು ಎಂದು ತೀರ್ಪು ಬಂತು. ಒಬ್ಬರು ಮಾರ್ಕ್ ಫೆಲ್ಟ್, ಒಂದು ಕಾಲಕ್ಕೆ ಆ ಸಂಸ್ಥೆಯ ಎರಡನೇ ಕುರ್ಚಿಯಲ್ಲಿದ್ದವರು. ಇನ್ನೊಬ್ಬರು ಎಡ್ವರ್ಡ್ ಮಿಲ್ಲರ್. ವಾರಂಟ್ ಇಲ್ಲದೆ ಜನರ ಮನೆಗೆ ಕನ್ನ ಹಾಕಿಸಿದರು ಎಂಬುದು ಆರೋಪ. ಇದಾಗಿ ತಿಂಗಳು ತುಂಬುವ ಮೊದಲೇ, ಡಿಸೆಂಬರ್ 3ರಂದು, ಹತ್ತು ವರ್ಷ ತಲೆಮರೆಸಿಕೊಂಡಿದ್ದ ಬರ್ನಡೀನ್ ಡೋರ್ನ್ ಶಿಕಾಗೋದಲ್ಲಿ ತಾವಾಗಿಯೇ ಬಂದು ಶರಣಾದರು. ಫೆಲ್ಟ್ ಮತ್ತು ಮಿಲ್ಲರ್ ಅಟ್ಟಿಸಿಕೊಂಡು ಹೋಗಿದ್ದು, ಯುದ್ಧ ವಿರೋಧದ ಹೆಸರಿನಲ್ಲಿ ಬಾಂಬ್ ಇಡುತ್ತಿದ್ದ ಇವರ ಗುಂಪನ್ನೇ.

ಫೆಲ್ಟ್‌ಗೆ 5,000 ಡಾಲರ್ ದಂಡ ಬಿತ್ತು, ಮಿಲ್ಲರ್‌ಗೆ 3,500. ಡೋರ್ನ್‌ಗೆ 1,500 ಡಾಲರ್ ದಂಡ, ಮೂರು ವರ್ಷ ಪ್ರೊಬೇಷನ್. ಆ ಕೇಸುಗಳಲ್ಲಿ ಮೂವರೂ ಜೈಲು ನೋಡಲಿಲ್ಲ. ಕಳ್ಳನಿಗಿಂತ ಪೊಲೀಸಿಗೇ ಜಾಸ್ತಿ ದಂಡ ಬೀಳುವ ಹಾಗೆ ಆಗಿದ್ದು ಹೇಗೆ? ಅದಕ್ಕೆ ಹನ್ನೊಂದು ವರ್ಷ ಹಿಂದಕ್ಕೆ ಹೋಗಬೇಕು.

1960ರ ದಶಕದ ಕೊನೆಗೆ ಅಮೆರಿಕದ ಕಾಲೇಜುಗಳಲ್ಲಿ ಎಸ್‌ಡಿಎಸ್ ಎಂಬ ವಿದ್ಯಾರ್ಥಿ ಸಂಘಟನೆ ದೊಡ್ಡದಾಗಿ ಬೆಳೆದಿತ್ತು. ವಿಯೆಟ್ನಾಂ ಯುದ್ಧದ ವಿರುದ್ಧ ಮೆರವಣಿಗೆ, ಧರಣಿ ಎಲ್ಲವೂ ಆಗಿದ್ದವು. ಯುದ್ಧ ಮಾತ್ರ ನಿಲ್ಲಲಿಲ್ಲ. 1969ರ ಜೂನ್‌ನಲ್ಲಿ ಶಿಕಾಗೋದಲ್ಲಿ ಸಮ್ಮೇಳನ ಸೇರಿದಾಗ ಸಂಘಟನೆ ಹೋಳಾಯಿತು. ಅದರಲ್ಲಿ ಒಂದು ಹೋಳು ವೆದರ್‌ಮನ್. ಬಾಬ್ ಡಿಲನ್ ಹಾಡಿನ ಒಂದು ಸಾಲಿನಿಂದ ತೆಗೆದ ಹೆಸರು ಅದು. ಮುಂದೆ ಇದೇ ಗುಂಪು ವೆದರ್ ಅಂಡರ್‌ಗ್ರೌಂಡ್ ಆಯಿತು. ಬರ್ನಡೀನ್ ಡೋರ್ನ್, ಬಿಲ್ ಏಯರ್ಸ್, ಮಾರ್ಕ್ ರಡ್ ಇದರ ಮುಂದಾಳುಗಳು. ಹೆಚ್ಚಿನವರು ಅನುಕೂಲಸ್ಥರ ಮನೆಯ ಮಕ್ಕಳು. ಏಯರ್ಸ್ ಅಪ್ಪ ಶಿಕಾಗೋದ ದೊಡ್ಡ ವಿದ್ಯುತ್ ಕಂಪನಿಯ ಮುಖ್ಯಸ್ಥರಾಗಿದ್ದವರು.

ಅದೇ ಅಕ್ಟೋಬರ್‌ನಲ್ಲಿ ಇವರು ಶಿಕಾಗೋ ಬೀದಿಯಲ್ಲಿ ಪೊಲೀಸರ ಜೊತೆ ನೇರ ಕಾದಾಟಕ್ಕೆ ಕರೆ ಕೊಟ್ಟರು. ಸಾವಿರಾರು ಜನ ಬರುತ್ತಾರೆ ಎಂದುಕೊಂಡಿದ್ದರು. ಬಂದಿದ್ದು ಕೆಲವು ನೂರು. ಹೆಲ್ಮೆಟ್ ಹಾಕಿಕೊಂಡು ಕಿಟಕಿ ಗಾಜು ಒಡೆದರು, ಏಟು ತಿಂದರು, ಕೇಸು ಹಾಕಿಸಿಕೊಂಡರು. ಜನ ತಮ್ಮ ಹಿಂದೆ ಇಲ್ಲ ಎಂದು ಅಲ್ಲೇ ಗೊತ್ತಾಗಬೇಕಿತ್ತು. ಅವರು ಕಲಿತ ಪಾಠ ಬೇರೆ: ಜನ ಬರದಿದ್ದರೆ ನಾವೇ ಸಾಕು.

ಎರಡು ತಿಂಗಳಲ್ಲಿ ಇನ್ನೊಂದು ಘಟನೆ ನಡೆಯಿತು. 1969ರ ಡಿಸೆಂಬರ್ 4ರ ನಸುಕಿನಲ್ಲಿ ಶಿಕಾಗೋ ಪೊಲೀಸರು ಕಪ್ಪು ಜನರ ಹಕ್ಕಿಗಾಗಿ ಹೋರಾಡುತ್ತಿದ್ದ ಬ್ಲ್ಯಾಕ್ ಪ್ಯಾಂಥರ್ ಪಕ್ಷದ ನಾಯಕ ಫ್ರೆಡ್ ಹ್ಯಾಂಪ್ಟನ್ ಅವರ ಮನೆಗೆ ನುಗ್ಗಿ ಅವರನ್ನು ಕೊಂದರು. ಹ್ಯಾಂಪ್ಟನ್‌ಗೆ ಆಗ 21 ವರ್ಷ. ಮನೆಯೊಳಗೆ ಯಾವ ಕೋಣೆ ಎಲ್ಲಿದೆ ಎಂಬ ನಕ್ಷೆ ಬಂದಿದ್ದು ಎಫ್‌ಬಿಐ ಮಾಹಿತಿದಾರ ವಿಲಿಯಂ ಒನೀಲ್ ಕಡೆಯಿಂದ. ಆತ ಹ್ಯಾಂಪ್ಟನ್ ಪಕ್ಷದೊಳಗೇ ಇದ್ದವನು. ಸರ್ಕಾರವೇ ಹೀಗೆ ಕೊಲ್ಲುವಾಗ ಬಹಿರಂಗವಾಗಿ ಕೆಲಸ ಮಾಡುವುದರಲ್ಲಿ ಅರ್ಥವಿಲ್ಲ ಎಂದು ವೆದರ್‌ಮನ್ ಗುಂಪು ಹೇಳಿತು. ಸಿಟ್ಟು ಅರ್ಥವಾಗುವಂಥದ್ದೇ. ಅದರಿಂದ ಅವರು ಇಳಿದ ದಾರಿ ಇನ್ನೊಂದು ವಿಷಯ.

1970ರ ಮಾರ್ಚ್ 6ರಂದು ನ್ಯೂಯಾರ್ಕಿನ ಗ್ರೀನಿಚ್ ವಿಲೇಜ್‌ನಲ್ಲಿ, ವೆಸ್ಟ್ 11ನೇ ಬೀದಿಯ 18ನೇ ನಂಬರ್ ಮನೆ ಮಟಮಟ ಮಧ್ಯಾಹ್ನದ ಹೊತ್ತಿಗೆ ಸಿಡಿದು ಕುಸಿಯಿತು. ನೆಲಮಾಳಿಗೆಯಲ್ಲಿ ಬಾಂಬ್ ಕಟ್ಟುತ್ತಿದ್ದರು. ಡೈನಮೈಟ್ ಜೊತೆ ಮೊಳೆ ತುಂಬಿದ ಬಾಂಬ್. ನ್ಯೂಜೆರ್ಸಿಯ ಫೋರ್ಟ್ ಡಿಕ್ಸ್ ಸೇನಾ ನೆಲೆಯಲ್ಲಿ ನಡೆಯಲಿದ್ದ ಡ್ಯಾನ್ಸ್ ಪಾರ್ಟಿಗೆ ಅದನ್ನು ಒಯ್ಯುವ ಯೋಜನೆ. ಕಟ್ಟುವವರ ಕೈಯಲ್ಲೇ ಅದು ಸಿಡಿದು ಡಯಾನಾ ಔಟನ್, ಟೆಡ್ ಗೋಲ್ಡ್, ಟೆರಿ ರಾಬಿನ್ಸ್ ಎಂಬ ಮೂವರು ಸತ್ತರು. ಕ್ಯಾಥಿ ವಿಲ್ಕರ್ಸನ್, ಕ್ಯಾಥಿ ಬೌಡಿನ್ ಎಂಬ ಇಬ್ಬರು ಅವಶೇಷದಿಂದ ಹೊರಬಂದರು. ಪಕ್ಕದ ಮನೆಯವರೊಬ್ಬರು ಬಟ್ಟೆ ಕೊಟ್ಟರು. ಅದನ್ನು ತೊಟ್ಟು ನಡೆದು ಹೋದವರು ವರ್ಷಗಟ್ಟಲೆ ಸಿಗಲಿಲ್ಲ. ಮನೆ ವಿಲ್ಕರ್ಸನ್ ಅಪ್ಪನದ್ದು, ಅವರು ರಜೆಗೆ ಹೋಗಿದ್ದರು. ಗೋಡೆಗೆ ಗೋಡೆ ತಾಗಿದ ಪಕ್ಕದ ಮನೆಯಲ್ಲಿ ನಟ ಡಸ್ಟಿನ್ ಹಾಫ್‌ಮನ್ ವಾಸವಿದ್ದರು.

ಇದಾದ ಮೇಲೆ ಗುಂಪು ಪದ್ಧತಿ ಬದಲಿಸಿತು. ಜನ ಇಲ್ಲದ ಹೊತ್ತಿನಲ್ಲಿ ಬಾಂಬ್ ಇಡುವುದು, ಮೊದಲೇ ಫೋನ್ ಮಾಡಿ ಎಚ್ಚರಿಸುವುದು, ಆಮೇಲೆ ಕಾರಣ ವಿವರಿಸಿ ಪತ್ರಿಕೆಗಳಿಗೆ ಪತ್ರ ಬರೆಯುವುದು. 1970ರ ಜೂನ್‌ನಲ್ಲಿ ನ್ಯೂಯಾರ್ಕ್ ಪೊಲೀಸ್ ಮುಖ್ಯ ಕಚೇರಿ, 1971ರ ಮಾರ್ಚ್ 1ರಂದು ಅಮೆರಿಕದ ಸಂಸತ್ ಭವನ, 1972ರ ಮೇ 19ರಂದು ಪೆಂಟಗನ್. ಸಂಸತ್ತಿನಲ್ಲೂ ಪೆಂಟಗನ್‌ನಲ್ಲೂ ಬಾಂಬ್ ಇಟ್ಟಿದ್ದು ಶೌಚಾಲಯದಲ್ಲಿ. ಈ ಸ್ಫೋಟಗಳಲ್ಲಿ ಯಾರೂ ಸಾಯಲಿಲ್ಲ. ಅದಕ್ಕೇ ಇವರನ್ನು ಇಂದಿಗೂ ಸ್ವಲ್ಪ ಮೃದುವಾಗಿ ನೋಡುವವರಿದ್ದಾರೆ. ಫೋರ್ಟ್ ಡಿಕ್ಸ್‌ಗೆ ಹೊರಟಿದ್ದ ಮೊಳೆಗಳನ್ನು ನಾನು ಮಾತ್ರ ಲೆಕ್ಕದಿಂದ ಬಿಡಲಾರೆ.

ಇನ್ನು ಅಟ್ಟುವವರ ಕಡೆ ನೋಡೋಣ. ಎಡ್ಗರ್ ಹೂವರ್ 1924ರಿಂದ ಆಳುತ್ತಿದ್ದ ಎಫ್‌ಬಿಐ ಅದು. ಬಿಳಿ ಅಂಗಿ, ಟೈ, ಕತ್ತರಿಸಿದ ಕೂದಲು. ಕಮ್ಯುನಿಸ್ಟ್ ಪಕ್ಷದೊಳಗೆ ಅವರು ತುಂಬಾ ಜನ ಮಾಹಿತಿದಾರರನ್ನು ಇಟ್ಟಿದ್ದರು. ಅಲ್ಲಿ ಸದಸ್ಯತ್ವ ಇತ್ತು, ಸಭೆ ಇತ್ತು, ಹೋಗಿ ಕೂತರೆ ಸಾಕಿತ್ತು. ಇಲ್ಲಿ ನಾಲ್ಕೈದು ಜನರ ಸಣ್ಣ ಗುಂಪುಗಳು, ಎಲ್ಲರೂ ಮೊದಲಿನಿಂದ ಒಬ್ಬರಿಗೊಬ್ಬರು ಗೊತ್ತು. ಒಳಗೆ ಹೊಕ್ಕ ಮಾಹಿತಿದಾರ ಎಂದು ಹೆಸರಾದವನು ಲ್ಯಾರಿ ಗ್ರಾಥ್‌ವೋಲ್ ಎಂಬ ಮಾಜಿ ಸೈನಿಕ ಒಬ್ಬನೇ. 1970ರ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನಲ್ಲಿ ಇಬ್ಬರನ್ನು ಹಿಡಿಯುವ ಆತುರದಲ್ಲಿ ಎಫ್‌ಬಿಐ ಅವನ ಗುಟ್ಟನ್ನೂ ಬಯಲು ಮಾಡಿಕೊಂಡಿತು. ಆಮೇಲೆ ಕೆಲವು ಏಜೆಂಟರು ಕೂದಲು, ಗಡ್ಡ ಬಿಟ್ಟು ಹಿಪ್ಪಿಗಳ ಜೊತೆ ಅಲೆದರು. ಸಿಕ್ಕಿದ್ದು ಅಷ್ಟಕ್ಕಷ್ಟೇ.

ತಲೆಮರೆಸಿಕೊಂಡವರ ಉಪಾಯವೋ ತೀರಾ ಸರಳ. ತಮ್ಮ ವಯಸ್ಸಿಗೆ ಹೊಂದುವ, ಹಸುಗೂಸಾಗಿದ್ದಾಗಲೇ ತೀರಿಕೊಂಡ ಮಗುವಿನ ಹೆಸರು ಹುಡುಕುವುದು. ಆ ಹೆಸರಿನಲ್ಲಿ ಜನನ ಪ್ರಮಾಣಪತ್ರ ತರಿಸುವುದು. ಅದರ ಮೇಲೆ ಉಳಿದ ಕಾರ್ಡುಗಳು. ಹುಟ್ಟಿದ ದಾಖಲೆ ಒಂದು ಕಡೆ, ಸತ್ತ ದಾಖಲೆ ಇನ್ನೊಂದು ಕಡೆ, ಎರಡನ್ನೂ ತಾಳೆ ನೋಡುವವರು ಯಾರೂ ಇರಲಿಲ್ಲ. 1970ರಲ್ಲಿ ಎಫ್‌ಬಿಐನ ಪ್ರಸಿದ್ಧ ‘ಬೇಕಾದ ಹತ್ತು ಅಪರಾಧಿಗಳ’ ಪಟ್ಟಿ ಹದಿನಾರಕ್ಕೆ ಹಿಗ್ಗಿತು. ಡೋರ್ನ್ ಹೆಸರೂ ಅದರಲ್ಲಿತ್ತು. ಪಟ್ಟಿ ಬೆಳೆಯಿತೇ ವಿನಾ ಸುಳಿವು ಸಿಗಲಿಲ್ಲ.

ಈ ಮಧ್ಯೆ ಕನ್ನ ಹಾಕುವವರಿಗೇ ಯಾರೋ ಕನ್ನ ಹಾಕಿದರು. 1971ರ ಮಾರ್ಚ್ 8, ಮಹಮದ್ ಅಲಿ ಮತ್ತು ಜೋ ಫ್ರೇಜಿಯರ್ ಬಾಕ್ಸಿಂಗ್ ಪಂದ್ಯದ ರಾತ್ರಿ. ಅಮೆರಿಕವೆಲ್ಲ ಅದರಲ್ಲೇ ಮುಳುಗಿತ್ತು. ಪೆನ್ಸಿಲ್ವೇನಿಯಾದ ಮೀಡಿಯಾ ಎಂಬ ಊರಿನ ಸಣ್ಣ ಎಫ್‌ಬಿಐ ಕಚೇರಿಗೆ ಯುದ್ಧ ವಿರೋಧಿಗಳ ಒಂದು ತಂಡ ನುಗ್ಗಿ ಸಾವಿರಕ್ಕೂ ಹೆಚ್ಚು ಕಾಗದಗಳನ್ನು ಸೂಟ್‌ಕೇಸುಗಳಲ್ಲಿ ತುಂಬಿಕೊಂಡು ಹೋಯಿತು. ವೆದರ್ ಗುಂಪಿಗೂ ಇವರಿಗೂ ಸಂಬಂಧ ಇರಲಿಲ್ಲ. ತಂಡದ ಮುಖ್ಯಸ್ಥ ವಿಲಿಯಂ ಡೇವಿಡನ್ ಭೌತಶಾಸ್ತ್ರದ ಮೇಷ್ಟ್ರು. ಕಾನೂನು ಮೀರಿದ್ದರು ನಿಜ, ಆದರೆ ಇಡೀ ಕಥೆಯಲ್ಲಿ ಒಂದೇ ಒಂದು ಬಾಂಬ್ ಇಲ್ಲದೆ ಎಲ್ಲರಿಗಿಂತ ದೊಡ್ಡ ಪೆಟ್ಟು ಕೊಟ್ಟವರು ಇವರೇ.

ಆ ಕಾಗದಗಳಲ್ಲಿ ಒಂದು, ಪ್ರತಿ ಅಂಚೆಪೆಟ್ಟಿಗೆಯ ಹಿಂದೆಯೂ ಒಬ್ಬ ಎಫ್‌ಬಿಐ ಏಜೆಂಟ್ ಇದ್ದಾನೆ ಎಂದು ಚಳವಳಿಗಾರರಿಗೆ ಅನ್ನಿಸಬೇಕು ಎಂದು ಸಲಹೆ ಕೊಟ್ಟಿತ್ತು. ಇನ್ನೊಂದು ಕಾಗದದ ಮೇಲೆ ‘ಕೋಇಂಟೆಲ್‌ಪ್ರೊ’ ಎಂಬ ಪದವಿತ್ತು. ಹಾಗೆಂದರೇನು ಎಂದು ಹೊರಗಿನವರಿಗೆ ತಿಳಿಯಲಿಲ್ಲ. ಕಾರ್ಲ್ ಸ್ಟರ್ನ್ ಎಂಬ ಟಿವಿ ವರದಿಗಾರ ಕೋರ್ಟಿಗೆ ಹೋಗಿ 1973ರ ಕೊನೆಗೆ ಉತ್ತರ ತಂದರು. 1956ರಿಂದ 1971ರವರೆಗೆ ಎಫ್‌ಬಿಐ ಚಳವಳಿಗಳನ್ನು ಒಳಗಿನಿಂದ ಒಡೆಯುತ್ತಿದ್ದ ಗುಟ್ಟಿನ ಕಾರ್ಯಾಚರಣೆ ಅದು. ಸುಳ್ಳು ಪತ್ರ, ಸುಳ್ಳು ಸುದ್ದಿ, ಗಂಡ ಹೆಂಡಿರ ನಡುವೆ ಜಗಳ ಹಚ್ಚುವುದು, ಏನುಂಟು ಏನಿಲ್ಲ. ಮಾರ್ಟಿನ್ ಲೂಥರ್ ಕಿಂಗ್ ಅವರಿಗೆ 1964ರಲ್ಲಿ ಆತ್ಮಹತ್ಯೆಗೆ ಪ್ರೇರೇಪಿಸುವಂಥ ಅನಾಮಧೇಯ ಪತ್ರ ಕಳಿಸಿದ್ದೂ ಎಫ್‌ಬಿಐಯೇ. ಮೀಡಿಯಾ ಕಚೇರಿಗೆ ನುಗ್ಗಿದವರಿಗಾಗಿ ಸುಮಾರು 200 ಏಜೆಂಟರು ಹುಡುಕಿದರು. ಒಬ್ಬರೂ ಸಿಗಲಿಲ್ಲ. 2014ರಲ್ಲಿ ಅವರಲ್ಲಿ ಕೆಲವರು ತಾವಾಗಿಯೇ ಹೆಸರು ಹೇಳಿಕೊಂಡರು.

1972ರ ಮೇ 2ರಂದು ಹೂವರ್ ತೀರಿಕೊಂಡರು. ಗುಟ್ಟಾಗಿ ಮನೆ ಹೊಕ್ಕು ಹುಡುಕುವ ಕೆಲಸವನ್ನು ಅವರು 1966ರಲ್ಲೇ ನಿಲ್ಲಿಸಿ ಎಂದು ಬರೆದಿದ್ದರು. ನೀತಿ ನೆನಪಾಯಿತು ಅಂತಲ್ಲ, ಸಿಕ್ಕಿಬಿದ್ದರೆ ಸಂಸ್ಥೆಯ ಹೆಸರು ಕೆಡುತ್ತದೆ ಅಂತ. ಅವರು ಹೋದ ಹದಿನೇಳೇ ದಿನದಲ್ಲಿ ಪೆಂಟಗನ್‌ನಲ್ಲಿ ಬಾಂಬ್ ಸಿಡಿಯಿತು. ಒತ್ತಡ ಎಷ್ಟಿರಬಹುದು, ಊಹಿಸಿ. ಓಡಿಹೋದವರು ಸಿಗುತ್ತಿಲ್ಲ, ಅವರ ಅಕ್ಕತಂಗಿಯರು, ಗೆಳೆಯರು ಸಿಗುತ್ತಾರೆ ಅಲ್ವಾ? ಫೆಲ್ಟ್ ಮತ್ತು ಮಿಲ್ಲರ್ ಒಪ್ಪಿಗೆಯ ಮೇಲೆ ನ್ಯೂಯಾರ್ಕಿನ ‘ಸ್ಕ್ವಾಡ್ 47’ ಏಜೆಂಟರು ಆ ಮನೆಗಳಿಗೆ ಯಾರೂ ಇಲ್ಲದಾಗ ಹೊಕ್ಕರು. ಪತ್ರ, ಡೈರಿಗಳ ಫೋಟೋ ತೆಗೆದು, ಇದ್ದ ಹಾಗೇ ಇಟ್ಟು ಬಂದರು. ಆ ಮನೆಯವರ ಮೇಲೆ ಯಾವ ಕೇಸೂ ಇರಲಿಲ್ಲ. ಇಷ್ಟೆಲ್ಲ ಮಾಡಿಯೂ ಓಡಿದವರು ಸಿಗಲಿಲ್ಲ.

ಇದೇ ಹೊತ್ತಿಗೆ, 1972ರ ಜೂನ್ 19ರಂದು, ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು: ದೇಶದೊಳಗಿನ ಗುಂಪುಗಳ ಫೋನ್ ಕದ್ದಾಲಿಸಲು ಭದ್ರತೆಯ ಹೆಸರು ಹೇಳಿದರೆ ಸಾಲದು, ನ್ಯಾಯಾಧೀಶರ ವಾರಂಟ್ ಬೇಕು. ಎಂಟು ನ್ಯಾಯಮೂರ್ತಿಗಳೂ ಒಮ್ಮತ. ಆ ಪ್ರಕರಣ ಹುಟ್ಟಿದ್ದು ಡೆಟ್ರಾಯ್ಟ್‌ನ ನ್ಯಾಯಾಧೀಶ ಡೇಮನ್ ಕೀತ್ ಅವರ ಕೋರ್ಟಿನಲ್ಲಿ. ವೆದರ್ ಗುಂಪಿನ ಮೇಲಿನ ದೊಡ್ಡ ಬಾಂಬ್ ಸಂಚಿನ ಕೇಸು ಬಂದಿದ್ದೂ ಅವರ ಮುಂದೆಯೇ. ಕದ್ದಾಲಿಕೆ, ಕನ್ನ ಇವೆಲ್ಲ ನಡೆದಿವೆಯೇ, ತಿಳಿಸಿ ಎಂದು ಅವರು ಕೇಳಿದರು. ತಿಳಿಸುವುದಕ್ಕಿಂತ ಕೇಸನ್ನೇ ಬಿಡುವುದು ಸರ್ಕಾರಕ್ಕೆ ವಾಸಿ ಅನ್ನಿಸಿತು. 1973ರ ಅಕ್ಟೋಬರ್‌ನಲ್ಲಿ ಕೇಸು ಮುಚ್ಚಿತು. ಅದೇ ಡಿಸೆಂಬರ್‌ನಲ್ಲಿ ಡೋರ್ನ್ ಹೆಸರು ಪಟ್ಟಿಯಿಂದ ಹೊರಬಂತು. ಮಾರ್ಕ್ ರಡ್ 1977ರಲ್ಲಿ ಬಂದು ಶರಣಾದರು. ಉಳಿದವರಲ್ಲೂ ಹೆಚ್ಚಿನವರು ಒಬ್ಬೊಬ್ಬರಾಗಿ ಬಂದರು.

ಆ ವೇಳೆಗೆ ಸೆನೆಟರ್ ಫ್ರಾಂಕ್ ಚರ್ಚ್ ಸಮಿತಿ ಎಫ್‌ಬಿಐ, ಸಿಐಎಗಳ ಕಡತ ಬಿಚ್ಚಿಯಾಗಿತ್ತು. 1978ರ ಏಪ್ರಿಲ್‌ನಲ್ಲಿ ಫೆಲ್ಟ್ ಮತ್ತು ಮಿಲ್ಲರ್ ಮೇಲೆ ಆರೋಪ ಹೊರಿಸಲಾಯಿತು. ವಿಚಾರಣೆಯಲ್ಲಿ ಮಾಜಿ ಅಧ್ಯಕ್ಷ ರಿಚರ್ಡ್ ನಿಕ್ಸನ್ ಬಂದು, ದೇಶದ ಭದ್ರತೆಗಾಗಿ ಇಂಥದ್ದಕ್ಕೆಲ್ಲ ಅಧಿಕಾರ ಇತ್ತು ಎಂಬರ್ಥದ ಸಾಕ್ಷಿ ಹೇಳಿದರು. ವಾಟರ್‌ಗೇಟ್ ಹಗರಣದ ಸುಳಿವುಗಳನ್ನು ಪತ್ರಿಕೆಗೆ ಕೊಟ್ಟು ಇದೇ ನಿಕ್ಸನ್ ಕುರ್ಚಿ ಅಲುಗಾಡಿಸಿದ್ದ ‘ಡೀಪ್ ಥ್ರೋಟ್’ ತಾನೇ ಎಂದು ಫೆಲ್ಟ್ ಒಪ್ಪಿಕೊಂಡಿದ್ದು 2005ರಲ್ಲಿ. 1981ರಲ್ಲಿ ಅಧ್ಯಕ್ಷ ರೇಗನ್ ಇಬ್ಬರಿಗೂ ಕ್ಷಮಾದಾನ ಕೊಟ್ಟಾಗ ನಿಕ್ಸನ್ ಶಾಂಪೇನ್ ಬಾಟಲಿ ಕಳಿಸಿದ್ದರು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಕ್ಯಾಥಿ ಬೌಡಿನ್ ಶರಣಾಗಲು ಒಪ್ಪಿರಲಿಲ್ಲ. 1981ರ ಅಕ್ಟೋಬರ್ 20ರಂದು ನ್ಯೂಯಾರ್ಕ್ ರಾಜ್ಯದಲ್ಲಿ ಬ್ಲ್ಯಾಕ್ ಲಿಬರೇಷನ್ ಆರ್ಮಿ ಎಂಬ ಸಶಸ್ತ್ರ ಗುಂಪಿನವರು ಬ್ರಿಂಕ್ಸ್ ಕಂಪನಿಯ ಹಣದ ಗಾಡಿಯಿಂದ 16 ಲಕ್ಷ ಡಾಲರ್ ದೋಚಿದರು. ತಪ್ಪಿಸಿಕೊಳ್ಳುವ ಟ್ರಕ್ಕಿನಲ್ಲಿ ಬೌಡಿನ್ ಮತ್ತು ವೆದರ್ ಗುಂಪಿನಲ್ಲೇ ಇದ್ದ ಡೇವಿಡ್ ಗಿಲ್ಬರ್ಟ್ ಇದ್ದರು. ಒಬ್ಬ ಗಾರ್ಡ್ ಮತ್ತು ಇಬ್ಬರು ಪೊಲೀಸರು ಸತ್ತರು. ಆ ಪೊಲೀಸರಲ್ಲಿ ಒಬ್ಬರು ವೇವರ್ಲಿ ಬ್ರೌನ್, ನ್ಯಾಯಾಕ್ ಊರಿನ ಪೊಲೀಸ್ ಪಡೆಯ ಮೊದಲ ಕಪ್ಪು ಅಧಿಕಾರಿ. ಕಪ್ಪು ಜನರ ಬಿಡುಗಡೆಯ ಹೆಸರಿನಲ್ಲಿ ನಡೆದ ದರೋಡೆ ಅದು.

ಗಿಲ್ಬರ್ಟ್ ಹೊರಬಂದಿದ್ದು 40 ವರ್ಷದ ಮೇಲೆ, 2021ರಲ್ಲಿ. ಬೌಡಿನ್ 22 ವರ್ಷ ಒಳಗಿದ್ದರು. ಹನ್ನೊಂದು ವರ್ಷ ಎಫ್‌ಬಿಐ ಕೈಗೆ ಸಿಗದ ಅವರನ್ನು ಅಂದು ಹಿಡಿದಿದ್ದು, ಡ್ಯೂಟಿಯಲ್ಲಿ ಇಲ್ಲದೆ ಸುಮ್ನೆ ಆ ದಾರಿಯಲ್ಲಿ ಹೋಗುತ್ತಿದ್ದ ಜೈಲು ಸಿಬ್ಬಂದಿಯೊಬ್ಬರು. ಹೆದ್ದಾರಿಯಲ್ಲಿ ಓಡುತ್ತಿದ್ದಾಗ ಬೆನ್ನಟ್ಟಿ ಹಿಡಿದರು.