ಚೀಟಿಯಲ್ಲಿ ಬರೆಯದ 89 ರೂಪಾಯಿ

ಈ ಸಲದ ಆಷಾಢದಲ್ಲಿ, ಮಳೆ ಬಿಡದೆ ಹೊಯ್ಯುತ್ತಿದ್ದ ಒಂದು ಮಧ್ಯಾಹ್ನ, ತೀರ್ಥಹಳ್ಳಿ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ಶಿವಮೊಗ್ಗದ ದುರ್ಗಿಗುಡಿಯ ನನ್ನ ವಕೀಲಿ ಆಫೀಸಿಗೆ ಬಂದಿದ್ದರು. ಬಂದಿದ್ದು ಪೌತಿ ಖಾತೆ ವಿಚಾರಕ್ಕೆ, ಅಂದರೆ ತೀರಿಕೊಂಡವರ ಹೆಸರಿನ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವುದಕ್ಕೆ. ಕಾಗದಪತ್ರ ನೋಡಿ ಮುಗಿಯಿತು. ಆದರೂ ಅವರು ಏಳಲಿಲ್ಲ. ಒದ್ದೆ ಕೊಡೆಯನ್ನು ಕಾಲ ಬಳಿ ಇಟ್ಟುಕೊಂಡು ಕೂತೇ ಇದ್ದರು.

"ಇನ್ನೊಂದು ವಿಷಯ ಇತ್ತು ಮೇಡಂ. ಹೇಳೋಕೆ ನಾಚಿಕೆ ಆಗ್ತದೆ. ಬರೀ ಎಂಬತ್ತೊಂಬತ್ತು ರೂಪಾಯಿದು."

ಮಗಳ ಮನೆಗೆ ಹೋಗಲು ಅವರು ಮೊಬೈಲಿನಲ್ಲೇ ಬೆಂಗಳೂರು ಬಸ್ಸಿಗೆ ಟಿಕೆಟ್ ಮಾಡಿದ್ದರು. ಸೀಟು ಆರಿಸುವಾಗ ತೋರಿಸಿದ್ದು, ತೆರಿಗೆ ಎಲ್ಲ ಸೇರಿ, 750 ರೂಪಾಯಿ. ಖಾತೆಯಿಂದ ಹೋಗಿದ್ದು 839. ಅಳಿಯನ ಹತ್ತಿರ ಕೇಳಿದರೆ "ನೀವೇ ಏನೋ ಒತ್ತಿರ್ತೀರಿ ಮಾವ" ಅನ್ನುವ ಉತ್ತರ ಬಂತಂತೆ. ಮೂವತ್ತನಾಲ್ಕು ವರ್ಷ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟ ಮನುಷ್ಯ. ದುಡ್ಡು ಹೋಗಿದ್ದಕ್ಕಿಂತ ಆ ಮಾತು ಅವರಿಗೆ ಜಾಸ್ತಿ ತಾಗಿತ್ತು.

"ಕೊಡಿ ಮೇಷ್ಟ್ರೇ, ಇನ್ನೊಂದು ಸಲ ಮಾಡಿ ನೋಡೋಣ" ಅಂದೆ. ಅದೇ ಆಪ್, ಅದೇ ಬಸ್ಸು, ಬೇರೆ ದಿನ. ದುಡ್ಡು ಕಟ್ಟುವ ಮುಂಚಿನ ಪುಟದವರೆಗೆ ಹೋದೆವು.

ಹೆಸರು, ವಯಸ್ಸು, ಹತ್ತುವ ಜಾಗ ತುಂಬಿದ ಮೇಲೆ ಪುಟ ಕೆಳಗೆ ಸರಿಯಿತು. ಅಲ್ಲಿ ಗುರಾಣಿ ಚಿತ್ರವಿದ್ದ ಒಂದು ಹಸಿರು ಪಟ್ಟಿ. ಪ್ರಯಾಣ ವಿಮೆ, 19 ರೂಪಾಯಿ. ಪಕ್ಕದ ಚೌಕದಲ್ಲಿ ಟಿಕ್ ಆಗಲೇ ಬಿದ್ದಿತ್ತು. ಅದರ ಕೆಳಗೆ, ಟಿಕೆಟ್ ರದ್ದು ಮಾಡಿದರೆ ಪೂರ್ತಿ ಹಣ ವಾಪಸ್ ಕೊಡುವ ಸೌಲಭ್ಯ, 60 ರೂಪಾಯಿ. ಅದಕ್ಕೂ ಟಿಕ್. ಇನ್ನೂ ಕೆಳಗೆ, ಬೂದು ಬಣ್ಣದ ಸಣ್ಣ ಅಕ್ಷರದಲ್ಲಿ, ಮಕ್ಕಳ ಊಟಕ್ಕೆ ದೇಣಿಗೆ, 10 ರೂಪಾಯಿ. ಅದಕ್ಕೂ ಟಿಕ್. ತಳದಲ್ಲಿ ಅಗಲವಾದ ಕಿತ್ತಳೆ ಬಣ್ಣದ ಬಟನ್. ಬಟನ್ನಿನ ಪಕ್ಕ ಒಟ್ಟು ಮೊತ್ತ, ಮೊತ್ತದ ಪಕ್ಕ ಸಾಸಿವೆ ಕಾಳಿನಷ್ಟು ಒಂದು ಬಾಣದ ಗುರುತು. ಆ ಬಾಣ ಮುಟ್ಟಿದರೆ ಮಾತ್ರ ಯಾವುದಕ್ಕೆ ಎಷ್ಟು ಅನ್ನುವ ಲೆಕ್ಕ ಬಿಚ್ಚಿಕೊಳ್ಳುತ್ತದೆ.

ಮೇಷ್ಟ್ರು ಕನ್ನಡಕ ಸರಿ ಮಾಡಿಕೊಂಡು ಮೂರೂ ಚೌಕ ನೋಡಿದರು. "ಇದು ನಾನು ಹಾಕಿದ ಟಿಕ್ ಅಲ್ಲ" ಅಂದರು.

ಕಾನೂನು ಹೇಳುವುದೂ ಅದನ್ನೇ. ಇ-ಕಾಮರ್ಸ್ ವ್ಯಾಪಾರಕ್ಕೆ ಅಂತಲೇ 2020ರ ಜುಲೈಯಲ್ಲಿ ಬಂದ ನಿಯಮಗಳಿವೆ. ಕೊಳ್ಳುವವರ ಒಪ್ಪಿಗೆ ಅವರಾಗಿಯೇ, ಸ್ಪಷ್ಟವಾಗಿ ಕೊಟ್ಟಿದ್ದಾಗಿರಬೇಕು. ಮೊದಲೇ ಟಿಕ್ ಹಾಕಿಟ್ಟ ಚೌಕವನ್ನು ಒಪ್ಪಿಗೆ ಅಂತ ದಾಖಲಿಸುವ ಹಾಗಿಲ್ಲ ಎಂದು ಅವುಗಳಲ್ಲಿ 4ನೇ ನಿಯಮ ನೇರವಾಗಿ ಹೇಳುತ್ತದೆ. ಆಮೇಲೆ 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಡಾರ್ಕ್ ಪ್ಯಾಟರ್ನ್‌ಗಳನ್ನು ತಡೆಯುವ ಮಾರ್ಗಸೂಚಿ ಹೊರಡಿಸಿತು. ನಮಗೆ ಬೇಡದ್ದನ್ನು ನಮ್ಮ ಕೈಯಿಂದಲೇ ಮಾಡಿಸುವ ಹಾಗೆ ಪುಟವನ್ನು ಜೋಡಿಸುವ ತಂತ್ರಕ್ಕೆ ಡಾರ್ಕ್ ಪ್ಯಾಟರ್ನ್ ಅನ್ನುತ್ತಾರೆ. ಅಂಥ 13 ಬಗೆಗಳ ಪಟ್ಟಿ ಅದರಲ್ಲಿದೆ. ಎರಡನೆಯದೇ ಬಾಸ್ಕೆಟ್ ಸ್ನೀಕಿಂಗ್, ಅಂದರೆ ಕೇಳದೆ ಬುಟ್ಟಿಗೆ ತುಂಬುವುದು. ವಸ್ತು, ಸೇವೆ, ದೇಣಿಗೆ, ಯಾವುದೇ ಆಗಲಿ, ನಮ್ಮನ್ನು ಕೇಳದೆ ಸೇರಿಸಿ ಬಿಲ್ಲು ಏರಿಸಿದರೆ ಅದು ತಪ್ಪು. ವಿಮಾನದ ಟಿಕೆಟ್ ಜೊತೆ ತಾನಾಗಿಯೇ ಸೇರುವ ಪ್ರಯಾಣ ವಿಮೆಯನ್ನು ಉದಾಹರಣೆಯಾಗಿಯೇ ಕೊಟ್ಟಿದ್ದಾರೆ.

ನಮ್ಮ ಕಡೆಯವರಿಗೆ ಇದನ್ನು ಹೇಳುವಾಗ ನಾನು ಸಾಮಾನಿನ ಚೀಟಿಯ ಮಾತು ಎತ್ತುತ್ತೇನೆ. ಚೀಟಿ ಮತ್ತು ಕೈಚೀಲವನ್ನು ಬೆಳಿಗ್ಗೆ ಬಸ್ಸಿನವರ ಕೈಲಿ ಪೇಟೆ ಅಂಗಡಿಗೆ ಕಳಿಸಿ, ಸಂಜೆ ಬಸ್ಸಿಗೆ ಸಾಮಾನು ತರಿಸಿಕೊಂಡ ಮನೆಗಳು ಮಲೆನಾಡಿನಲ್ಲಿ ಎಷ್ಟಿಲ್ಲ? ಅಂಗಡಿಯವರು ನಮ್ಮ ಕಣ್ಣೆದುರು ಇರುವುದಿಲ್ಲ. ಆದರೂ ಚೀಟಿಯಲ್ಲಿ ಇಲ್ಲದ್ದು ಚೀಲಕ್ಕೆ ಬೀಳುವುದಿಲ್ಲ. "ನೀವು ಬರೆದ ಟೀಪುಡಿ ಖಾಲಿ, ಬೇರೆ ಇದೆ, ಹಾಕಲಾ?" ಅಂತ ಫೋನ್ ಮಾಡಿ ಕೇಳುತ್ತಾರೆ. ಆನ್‌ಲೈನಿನಲ್ಲಿ ನಾವು ಕಳಿಸುವುದೂ ಚೀಟಿಯೇ ತಾನೆ. ಅದರ ಕೊನೆಗೆ ಅಂಗಡಿಯವರೇ ಮೂರು ಸಾಲು ಬರೆದು, ಬೇಡ ಅಂದಿದ್ದರೆ ನೀವೇ ಹೊಡೆದು ಹಾಕಬೇಕಿತ್ತು ಅಂದರೆ ಹೇಗೆ ಒಪ್ಪುವುದು?

ಬಿಲ್ಲು ಓದದೆ ಯಾಕೆ ಒತ್ತಿದಿರಿ ಅಂತ ನಾನು ಯಾರನ್ನೂ ಬೈಯುವುದಿಲ್ಲ. ಓದಿಸಬಾರದು ಅಂತಲೇ ಮಾಡಿದ ಪುಟ ಅದು. ಇನ್ನೊಂದು ಸಂಗತಿ ಬಹಳ ಜನರ ಗಮನಕ್ಕೆ ಬಂದಿಲ್ಲ. ಯುಪಿಐ ಪಿನ್ ಹಾಕುವ ಹೊತ್ತಿಗೆ ಕಾಣುವುದು ಯಾರಿಗೆ, ಎಷ್ಟು ಎಂಬುದು ಮಾತ್ರ. ಯಾವುದಕ್ಕೆ ಎಷ್ಟು ಎಂಬ ವಿವರ ಅಲ್ಲಿ ಇರುವುದಿಲ್ಲ. ಹಾಗಾಗಿ ಲೆಕ್ಕ ನೋಡುವ ಕೊನೆಯ ಜಾಗ ಅಂಗಡಿಯ ಪುಟವೇ. ಅದು ದಾಟಿದರೆ ಮುಗಿಯಿತು. ಅದರಲ್ಲೂ ಹೊಸನಗರ, ಸೊರಬದ ಒಳಹಳ್ಳಿಗಳಲ್ಲಿ ಸಿಗ್ನಲ್‌ಗಾಗಿ ಗುಡ್ಡ ಹತ್ತಿ ನಿಂತವರು, ಎರಡು ಕಡ್ಡಿ ಬಂದ ಕೂಡಲೇ ಬೇಗ ಮುಗಿಸಿಬಿಡೋಣ ಅಂತ ಒತ್ತುತ್ತಾರೆ. ಮೇಲೆ "ನಿಮ್ಮ ಸೀಟು ಇನ್ನು ಐದೇ ನಿಮಿಷ" ಎಂಬ ಗಡಿಯಾರ ಬೇರೆ ಓಡುತ್ತಿರುತ್ತದೆ. ಪುಟ ಇಂಗ್ಲಿಷಿನಲ್ಲಿದ್ದರಂತೂ ಹೇಳುವುದೇ ಬೇಡ.

ಕೊನೆಗೆ ಬರುವ ಎಲ್ಲ ಚಾರ್ಜೂ ಒಂದೇ ಥರದ್ದಲ್ಲ. ಸಾಗಣೆ ವೆಚ್ಚ, ತೆರಿಗೆ ಇವನ್ನು ಮೊದಲೇ ತಿಳಿಸಿದ್ದರೆ ಅದು ಬುಟ್ಟಿಗೆ ಕದ್ದು ತುಂಬಿದಂತೆ ಆಗುವುದಿಲ್ಲ. ಉಚಿತ ಸ್ಯಾಂಪಲ್ ಹಾಕಿದರೂ ತಕರಾರಿಲ್ಲ. ಆದರೆ ಕಡ್ಡಾಯ ಶುಲ್ಕವನ್ನೇ ಮೊದಲು ಮುಚ್ಚಿಟ್ಟು, ಆರ್ಡರ್ ಖಚಿತವಾಗುವ ಹೊತ್ತಿಗೆ ಒಂದೊಂದಾಗಿ ಬಿಟ್ಟುಕೊಂಡು ಬರುವುದಿದೆಯಲ್ಲ, ಅದಕ್ಕೆ ಡ್ರಿಪ್ ಪ್ರೈಸಿಂಗ್ ಎಂಬ ಬೇರೆ ಹೆಸರಿದೆ. ಡ್ರಿಪ್ ಅಂದರೆ ತೋಟದವರಿಗೆ ವಿವರಿಸಬೇಕಾಗಿಲ್ಲ, ತೊಟ್ಟು ತೊಟ್ಟಾಗಿ ಬಿಡುವುದು. ಅದೂ ಅದೇ 13ರ ಪಟ್ಟಿಯಲ್ಲಿದೆ. ವ್ಯತ್ಯಾಸ ಇಷ್ಟೇ: ಇಲ್ಲಿ ತೆಗೆಯಲು ಟಿಕ್ ಇರುವುದಿಲ್ಲ, ಬೇಡ ಅನ್ನಿಸಿದರೆ ಕೊಳ್ಳುವುದನ್ನೇ ಬಿಡಬೇಕು.

ವಿಮೆ, ವಾರಂಟಿ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಸಾಗರದ ಹತ್ತಿರದ ಒಬ್ಬ ಅಮ್ಮ ಕಳೆ ಕೊಚ್ಚುವ ಮೆಷಿನ್ ತರಿಸಿದ್ದರು. ಅದರ ಜೊತೆ ಸೇರಿಕೊಂಡಿದ್ದ ವಾರಂಟಿಯ ಶರತ್ತು ಓದಿ ನೋಡಿ, ಇರಲಿ ಅಂತ ಇಟ್ಟುಕೊಂಡರು. ಅದು ಅವರ ತೀರ್ಮಾನ. ಮೇಷ್ಟ್ರ ಆ 60 ರೂಪಾಯಿಯೂ ಕೆಲವರಿಗೆ ಬೇಕಾಗಬಹುದು. ಆದರೆ ತಿಳಿದಿರಲಿ, ಬಸ್ಸಿನವರೇ ಟ್ರಿಪ್ ರದ್ದು ಮಾಡಿದರೆ ಟಿಕೆಟ್ ಹಣ ಹೇಗೂ ನಿಮಗೆ ವಾಪಸ್ ಬರಬೇಕು. ಆ 60 ಇರುವುದು ನೀವಾಗಿ ರದ್ದು ಮಾಡಿದಾಗಿನ ಕಡಿತಕ್ಕೆ. ಹೋಗುವುದು ಗಟ್ಟಿ ಅನ್ನುವವರಿಗೆ ಅದು ಯಾಕೆ?

ಶಿವಮೊಗ್ಗದ ಸೋಗಾನೆ ವಿಮಾನ ನಿಲ್ದಾಣದಿಂದ 2023ರ ಆಗಸ್ಟ್ 31ರಂದು ವಿಮಾನ ಶುರುವಾದ ಮೇಲೆ, ಮೊದಲ ಸಲ ವಿಮಾನ ಹತ್ತುವವರೂ ನನ್ನ ಹತ್ತಿರ ಬಿಲ್ಲು ತೋರಿಸುತ್ತಾರೆ. ಸೀಟಿಗೆ ದುಡ್ಡು ಕಟ್ಟದಿದ್ದರೆ ಕೂರಲು ಜಾಗವೇ ಸಿಗುವುದಿಲ್ಲ ಅಂದುಕೊಂಡು ಕಟ್ಟಿರುತ್ತಾರೆ. ಹಾಗೇನಿಲ್ಲ. ಸೀಟು ಆರಿಸುವ ಪುಟವನ್ನು ಬಿಟ್ಟು ಮುಂದೆ ಹೋಗಬಹುದು. ಚೆಕ್-ಇನ್ ಹೊತ್ತಿಗೆ ಉಳಿದ ಸೀಟುಗಳಲ್ಲಿ ಒಂದನ್ನು ಕೊಡುತ್ತಾರೆ.

ನನಗೆ ತುಂಬಾ ಸಿಟ್ಟು ತರಿಸುವುದು ಮಾತ್ರ ಬೇಡ ಅನ್ನುವವರನ್ನು ನಾಚಿಸುವ ಪುಟಗಳು. ವಿಮೆ ಬೇಡ ಅನ್ನಲು ಹೋದರೆ "ನಾನು ರಕ್ಷಣೆ ಇಲ್ಲದೆಯೇ ಇರುತ್ತೇನೆ" ಎಂಬ ಸಾಲನ್ನು ಒತ್ತಬೇಕು. ಇದೂ ಮಾರ್ಗಸೂಚಿಯಲ್ಲಿ ಉದಾಹರಣೆಯಾಗಿ ಇರುವುದೇ. ಅದಕ್ಕೆ ಕನ್‌ಫರ್ಮ್ ಶೇಮಿಂಗ್ ಎಂದು ಹೆಸರು. ಮೇಷ್ಟ್ರ ಬಳಿ ಆ 10 ರೂಪಾಯಿ ದೇಣಿಗೆಯ ಮಾತು ಬಂದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಮಕ್ಕಳ ಊಟಕ್ಕೆ ಅಂತ ಕೇಳಿದ್ರೆ ನೂರು ಕೊಡ್ತಿದ್ದೆ. ಕೇಳಲೇ ಇಲ್ವಲ್ಲ" ಅಂದರು.

ಮೊತ್ತ ಸಣ್ಣದು, ನಿಜ. ಅದನ್ನು ಸಣ್ಣದಾಗಿಯೇ ಇಟ್ಟಿರುತ್ತಾರೆ. 19 ರೂಪಾಯಿಗೆ ಯಾರೂ ಕೆಲಸ ಬಿಟ್ಟು ಬರುವುದಿಲ್ಲ. ಮೇಷ್ಟ್ರು ಅಲ್ಲೇ ಒಂದು ಲಕೋಟೆಯ ಹಿಂಬದಿಯಲ್ಲಿ ಲೆಕ್ಕ ಹಾಕಿದರು. ಟಿಕೆಟ್ಟಿಗೆ 89ರಂತೆ ದಿನಕ್ಕೆ ಸಾವಿರ ಟಿಕೆಟ್ ಅಂತ ಇಟ್ಟುಕೊಂಡರೂ ವರ್ಷಕ್ಕೆ 3 ಕೋಟಿ 24 ಲಕ್ಷ 85 ಸಾವಿರ. ಪೆನ್ನಿನ ಮುಚ್ಚಳ ಹಾಕಿ ನನ್ನ ಮುಖ ನೋಡಿದರು.

ಈಗ ಏನು ಮಾಡಬಹುದು ನೋಡೋಣ. ದುಡ್ಡು ಕಟ್ಟುವ ಮುಂಚೆ ಮೊತ್ತದ ಪಕ್ಕದ ಬಾಣ ಒತ್ತಿ, ಬಿಚ್ಚಿದ ಲೆಕ್ಕದ ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ. ಮೊದಲೇ ಬಿದ್ದ ಟಿಕ್ ಕಂಡರೆ ತೆಗೆಯುವ ಮುಂಚೆ ಅದರದ್ದೂ ಒಂದು ತೆಗೆದಿಡಿ. ನನ್ನಂಥ ವಕೀಲರಿಗೆ ಹತ್ತು ನಿಮಿಷದ ವಿವರಣೆಗಿಂತ ಆ ಒಂದು ಚಿತ್ರ ಜಾಸ್ತಿ ಉಪಯೋಗಕ್ಕೆ ಬರುತ್ತದೆ. ದುಡ್ಡು ಹೋದ ಮೇಲೆ ಗೊತ್ತಾದರೆ ಆರ್ಡರಿನ ವಿವರ, ಬಿಲ್ಲು, ವಿಮೆಯ ಮೆಸೇಜು, ಬ್ಯಾಂಕಿನ ಮೆಸೇಜು ಯಾವುದನ್ನೂ ಅಳಿಸಬೇಡಿ.

ಪ್ರತಿ ಇ-ಕಾಮರ್ಸ್ ಕಂಪನಿಯೂ ಕುಂದುಕೊರತೆ ಅಧಿಕಾರಿಯ ಹೆಸರು, ಸಂಪರ್ಕ ವಿವರವನ್ನು ತನ್ನ ಜಾಲತಾಣದಲ್ಲಿ ಹಾಕಿರಬೇಕು. ಅವರಿಗೆ ನಾಲ್ಕು ಸಾಲು ಬರೆಯಿರಿ: ಇದನ್ನು ನಾನು ಕೇಳಿರಲಿಲ್ಲ, ಟಿಕ್ ಮೊದಲೇ ಇತ್ತು, ಇಷ್ಟು ಹಣ ವಾಪಸ್ ಕೊಡಿ. ದೂರು ಸಿಕ್ಕಿದೆ ಎಂದು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಚಾಟ್‌ನಲ್ಲಿ ಬರುವ ಯಂತ್ರದ ಉತ್ತರಕ್ಕೆ ಸುಸ್ತಾಗಿ ಬಿಟ್ಟುಬಿಡಬೇಡಿ.

ಅಲ್ಲಿ ಆಗಲಿಲ್ಲ ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಕನ್ನಡದಲ್ಲೇ ಮಾತಾಡಬಹುದು. ಅದು ಕೋರ್ಟಲ್ಲ, ನಿಮ್ಮ ದೂರನ್ನು ಕಂಪನಿಯ ಮುಂದಿಟ್ಟು ಉತ್ತರ ಕೇಳುತ್ತದೆ. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಕಂಪನಿ ಎಲ್ಲಿಯದೇ ಆಗಿರಲಿ, ನೀವು ಇರುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಅಂದರೆ ನಮ್ಮವರು ಶಿವಮೊಗ್ಗದಲ್ಲೇ. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಎರಡು ವರ್ಷದೊಳಗೆ ಹಾಕಬೇಕು. ವಕೀಲರು ಇರಲೇಬೇಕು ಅಂತಿಲ್ಲ, ನೀವೇ ವಾದಿಸಬಹುದು. 89 ರೂಪಾಯಿ ಒಂದಕ್ಕೇ ಆಯೋಗಕ್ಕೆ ಹೋಗಿ ಅಂತ ನಾನು ಯಾರಿಗೂ ಹೇಳುವುದಿಲ್ಲ, ಓಡಾಟ ಇದ್ದೇ ಇರುತ್ತದೆ. ಆದರೆ 1915ಕ್ಕೆ ಫೋನ್ ಮಾಡಿ ಅಂತ ಎಲ್ಲರಿಗೂ ಹೇಳುತ್ತೇನೆ. ಒಬ್ಬರ ದೂರು ಒಬ್ಬರದ್ದೇ ಆಗಿ ಉಳಿಯುತ್ತದೆ. ಸಾವಿರ ಜನ ಒಂದೇ ದೂರು ಕೊಟ್ಟರೆ ಪ್ರಾಧಿಕಾರ ಎಲ್ಲರ ಪರವಾಗಿ ಕ್ರಮ ತೆಗೆದುಕೊಳ್ಳಬಹುದು, ಹಣ ವಾಪಸ್ ಕೊಡಿಸಬಹುದು.

ಇನ್ನು, ಬಿಲ್ಲಿನ ಜೊತೆ ಮೊದಲ ತಿಂಗಳು ಉಚಿತ ಅಂತ ಸದಸ್ಯತ್ವ ಸೇರಿಕೊಂಡಿದ್ದರೆ ಯುಪಿಐ ಆಪ್‌ನಲ್ಲಿ, ತಾನಾಗಿಯೇ ಹಣ ಕಡಿತವಾಗುವುದನ್ನು ತೋರಿಸುವ ಆಟೋಪೇ ವಿಭಾಗ ಒಮ್ಮೆ ತೆರೆದು ನೋಡಿ. ಅಲ್ಲಿಂದಲೇ ರದ್ದು ಮಾಡಬಹುದು. ಪ್ರತಿ ಸಲ ಹಣ ಕಡಿತವಾಗುವ 24 ಗಂಟೆ ಮುಂಚೆ ನಿಮಗೆ ತಿಳಿಸಬೇಕು ಎಂದು ರಿಸರ್ವ್ ಬ್ಯಾಂಕ್ ನಿಯಮವಿದೆ. ಆ ಮೆಸೇಜನ್ನು ಜಾಹೀರಾತು ಅಂದುಕೊಂಡು ಅಳಿಸುವವರೇ ಹೆಚ್ಚು.

ಮೇಷ್ಟ್ರು ದೂರನ್ನು ತಾವೇ ಬರೆದರು. ಕನ್ನಡದಲ್ಲಿ, ಒಂದೇ ಪುಟ, ಲೆಕ್ಕದ ಮೂರು ಸಾಲು ಸಮೇತ. ಅದರ ಫೋಟೊ ತೆಗೆದು ಮೇಲ್ ಮಾಡಿದ್ದು ಮಾತ್ರ ನನ್ನ ಜೂನಿಯರ್. ಮೂರನೇ ವಾರದಲ್ಲಿ 79 ರೂಪಾಯಿ ವಾಪಸ್ ಬಂತು. ದೇಣಿಗೆ ಹಿಂದಿರುಗಿಸಲು ಬರುವುದಿಲ್ಲ ಎಂಬ ಉತ್ತರವೂ ಬಂತು. ಆ 10 ರೂಪಾಯಿಗೆ ಮೇಷ್ಟ್ರು ಮೊನ್ನೆ ಸೋಮವಾರ 1915ಕ್ಕೆ ಫೋನ್ ಮಾಡಿ ದೂರು ಬರೆಸಿದ್ದಾರೆ. ಆ ಸಲ ಅಳಿಯನೇ ಪಕ್ಕದಲ್ಲಿ ಕೂತು ಟಿಕೆಟ್ ನಂಬರ್ ಓದಿ ಹೇಳಿದರಂತೆ.