ಪ್ಯಾನೆಲ್ ಕರೆಂಟ್ ಕೊಡುತ್ತದೆ, ಆ್ಯಪ್ ಏನು ಕೊಡುತ್ತದೆ?

ಓದುಗರ ಪ್ರಶ್ನೆ: ಸೋಲಾರ್ ಅಂದರೆ ಪ್ಯಾನೆಲ್, ತಂತಿ, ಇನ್ವರ್ಟರ್, ಬೇಕಿದ್ದರೆ ಬ್ಯಾಟರಿ. ಈಗ ನೋಡಿದರೆ ಆ್ಯಪ್, ಸ್ಮಾರ್ಟ್ ಮೀಟರ್, ಕ್ಲೌಡ್ ಅಂತ ಏನೇನೋ ಹೇಳುತ್ತಾರೆ. ಈ ಡಿಜಿಟಲ್ ತಂತ್ರಜ್ಞಾನದಿಂದ ಸಾಮಾನ್ಯ ಮನೆಯವರಿಗೆ ನವೀಕರಿಸಬಹುದಾದ ವಿದ್ಯುತ್ ನಿಜವಾಗಿಯೂ ಕೈಗೆಟುಕುವಂತೆ ಆಗಿದೆಯಾ, ಅಥವಾ ಇದೆಲ್ಲ ಮಾರುವವರ ಮಾತಾ? ಬಾಡಿಗೆ ಮನೆಯಲ್ಲಿ ಇರುವವರಿಗೂ ಏನಾದರೂ ಉಪಯೋಗ ಇದೆಯಾ?

ಉತ್ತರ: ಮಾರುವವರ ಮಾತೂ ಇದೆ, ನಿಜವೂ ಇದೆ.

ಮೊದಲು ಒಂದು ವಿಷಯ ಹೇಳಿಬಿಡುತ್ತೇನೆ. ಸೋಲಾರ್ ಇಷ್ಟೊಂದು ಮನೆಗಳಿಗೆ ಬಂದದ್ದು ಮುಖ್ಯವಾಗಿ ಅದು ಅಗ್ಗವಾದದ್ದರಿಂದ. 2010ರ ನಂತರದ ಹತ್ತು ವರ್ಷಗಳಲ್ಲಿ ಪ್ಯಾನೆಲ್ ಬೆಲೆ ಸುಮಾರು ಶೇ 90ರಷ್ಟು ಇಳಿಯಿತು. ಅದು ಕಾರ್ಖಾನೆಗಳು ಮಾಡಿದ ಕೆಲಸ, ಆ್ಯಪ್‌ಗಳದ್ದಲ್ಲ. ಆದರೆ ಬೆಲೆ ಇಳಿದ ಮೇಲೂ ತೊಡಕುಗಳು ಉಳಿದವು. ನಮ್ಮ ಚಾವಣಿಗೆ ಸಾಕಷ್ಟು ಬಿಸಿಲು ಬೀಳುತ್ತದಾ? ಅಷ್ಟು ದುಡ್ಡನ್ನು ಒಂದೇ ಸಲ ಎಲ್ಲಿಂದ ತರುವುದು? ನಾವು ಬಳಸದೆ ಉಳಿದ ಕರೆಂಟಿನ ಲೆಕ್ಕ ಇಡುವವರು ಯಾರು? ಚಾವಣಿಯೇ ನಮ್ಮದಲ್ಲದಿದ್ದರೆ? ಇವೆಲ್ಲ ಕೊನೆಗೆ ಅಳತೆಯ ಪ್ರಶ್ನೆಗಳೇ. ಎಷ್ಟು ಯೂನಿಟ್, ಯಾವ ಹೊತ್ತಿನಲ್ಲಿ, ಯಾರ ಪಾಲಿಗೆ ಎಂಬುದನ್ನು ಕಡಿಮೆ ಖರ್ಚಿನಲ್ಲಿ ಅಳೆಯಲು ಬಂದ ಮೇಲೆ ಹಲವು ಬಾಗಿಲುಗಳು ತೆರೆದವು. ಡಿಜಿಟಲ್‌ನ ಕೊಡುಗೆ ಅದು. ಫೋನಿನಲ್ಲಿ ಕಾಣುವ ಬಣ್ಣಬಣ್ಣದ ಗ್ರಾಫ್ ಅದರ ಒಂದು ತುದಿ ಅಷ್ಟೇ.

ಚಾವಣಿಯಿಂದ ಶುರು ಮಾಡೋಣ. ಹಿಂದೆ ಯಾರೋ ಬಂದು, ಏಣಿ ಹತ್ತಿ, ಟೇಪ್ ಹಿಡಿದು, ಒಂದು ಅಂದಾಜು ಹೇಳುತ್ತಿದ್ದರು. ಅದು ಸರಿಯೋ ತಪ್ಪೋ ನೋಡಲು ನಿಮಗೆ ದಾರಿಯೇ ಇರಲಿಲ್ಲ. ಅಂದಾಜು ಹೇಳುವವರೂ ಅವರೇ, ಮಾರುವವರೂ ಅವರೇ. ಈಗ ಉಪಗ್ರಹಗಳು ವರ್ಷಗಟ್ಟಲೆ ದಾಖಲಿಸಿದ ಬಿಸಿಲಿನ ಮಾಹಿತಿ ಉಚಿತವಾಗಿ ಸಿಗುತ್ತದೆ. ಯುರೋಪಿಯನ್ ಕಮಿಷನ್‌ನ ಪಿವಿಜಿಐಎಸ್, ಅಮೆರಿಕದ ಪಿವಿವಾಟ್ಸ್ ಇಂಥ ಲೆಕ್ಕಾಚಾರದ ತಾಣಗಳು. ಜಾಗ, ಪ್ಯಾನೆಲ್ ಸಾಮರ್ಥ್ಯ, ದಿಕ್ಕು, ಇಳಿಜಾರು ಕೊಟ್ಟರೆ ಯಾವ ತಿಂಗಳು ಎಷ್ಟು ಯೂನಿಟ್ ಬರಬಹುದು ಎಂದು ತೋರಿಸುತ್ತವೆ. ಗೂಗಲ್ 2015ರಲ್ಲಿ ಶುರು ಮಾಡಿದ ಪ್ರಾಜೆಕ್ಟ್ ಸನ್‌ರೂಫ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಮೇಲಿನಿಂದ ತೆಗೆದ ಚಿತ್ರಗಳ ಸಹಾಯದಿಂದ ಅಕ್ಕಪಕ್ಕದ ಮರ, ಕಟ್ಟಡಗಳ ನೆರಳನ್ನೂ ಲೆಕ್ಕಕ್ಕೆ ತೆಗೆದುಕೊಂಡಿತು. ಪಿವಿಜಿಐಎಸ್ ಹಾಗೆ ಮಾಡುವುದಿಲ್ಲ. ಅದಕ್ಕೆ ದೂರದ ಬೆಟ್ಟದ ನೆರಳು ಗೊತ್ತು, ಪಕ್ಕದ ಮನೆಯ ನೀರಿನ ಟ್ಯಾಂಕಿನದ್ದು ಗೊತ್ತಿಲ್ಲ. ಆದರೂ ಮಾರುವವರು ಹೇಳಿದ ಸಂಖ್ಯೆ ಇವುಗಳಿಗಿಂತ ತುಂಬಾ ಜಾಸ್ತಿ ಇದ್ದರೆ, ಕಾರಣ ಕೇಳುವ ಧೈರ್ಯವಾದರೂ ನಿಮಗೆ ಬರುತ್ತದೆ.

ಇನ್ನು ಇನ್ವರ್ಟರ್. ಪ್ಯಾನೆಲ್‌ನ ಡಿಸಿ ಕರೆಂಟನ್ನು ಮನೆಗೆ ಬೇಕಾದ ಎಸಿ ಮಾಡುವ ಪೆಟ್ಟಿಗೆ ಅದು ಅಂತ ಎಲ್ಲರಿಗೂ ಗೊತ್ತು. ಅದರೊಳಗೆ ಒಂದು ಪುಟ್ಟ ಕಂಪ್ಯೂಟರ್ ಕೂತಿದೆ ಎಂಬುದನ್ನು ಮರೆಯುತ್ತೇವೆ. ಬಿಸಿಲು ಏರಿಳಿದಂತೆ ಪ್ಯಾನೆಲ್‌ನಿಂದ ಅತಿ ಹೆಚ್ಚು ಶಕ್ತಿ ಬರುವ ವೋಲ್ಟೇಜ್ ಕೂಡ ಬದಲಾಗುತ್ತದೆ. ಏರು ಬಂದಾಗ, ಇಳಿಜಾರು ಬಂದಾಗ ಸೈಕಲ್ ಗೇರ್ ಬದಲಾಯಿಸಿದಂತೆ, ಇನ್ವರ್ಟರ್ ಆ ವೋಲ್ಟೇಜನ್ನು ದಿನವಿಡೀ ಹುಡುಕುತ್ತಲೇ ಇರುತ್ತದೆ. ಹುಡುಕುವಾಗ ಹೇಗೂ ಅಳೆಯಬೇಕಲ್ವಾ? ಆ ಅಳತೆಯೇ ನಿಮ್ಮ ಆ್ಯಪ್‌ಗೆ ಬರುವುದು.

ಇದರಿಂದ ದೊಡ್ಡ ಉಪಯೋಗ ಅಂದರೆ ಕೆಟ್ಟದ್ದು ಬೇಗ ತಿಳಿಯುವುದು. ಸೋಲಾರ್ ಸದ್ದಿಲ್ಲದೆ ಕೆಡುವ ಯಂತ್ರ. ಒಂದು ಸಾಲಿನ ಫ್ಯೂಸ್ ಹೋದರೂ ಮನೆಯಲ್ಲಿ ಲೈಟ್ ಉರಿಯುತ್ತಲೇ ಇರುತ್ತದೆ, ಕೊರತೆಯನ್ನು ಗ್ರಿಡ್, ಅಂದರೆ ಊರಿಗೆಲ್ಲ ಕರೆಂಟ್ ತರುವ ವಿದ್ಯುತ್ ಜಾಲ, ತುಂಬುತ್ತದೆ. ಬಿಲ್ ಬಂದಾಗಲೇ ಗೊತ್ತಾಗುವುದು. ಹಾಗಂತ ಆ್ಯಪ್‌ನಲ್ಲಿ ಸಂಖ್ಯೆ ಕಡಿಮೆ ಕಂಡ ತಕ್ಷಣ ಗಾಬರಿ ಬೇಡ. ಪ್ಯಾನೆಲ್ ಮೇಲೆ ಬರೆದ ವಾಟ್ ಲೆಕ್ಕ ಪ್ರಯೋಗಾಲಯದ್ದು, ಪ್ಯಾನೆಲ್ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇದ್ದಾಗಿನದ್ದು. ಅದಕ್ಕಿಂತ ಬಿಸಿಯಾದರೆ ಒಂದೊಂದು ಡಿಗ್ರಿಗೂ ಉತ್ಪಾದನೆ ಸುಮಾರು ಶೇ 0.3ರಿಂದ 0.4ರಷ್ಟು ಇಳಿಯುತ್ತದೆ. ಉರಿಬಿಸಿಲಿನಲ್ಲಿ ಪ್ಯಾನೆಲ್ 60 ಡಿಗ್ರಿಗೆ ಕಾದರೆ ಶೇ 10ಕ್ಕಿಂತ ಹೆಚ್ಚು ಅಲ್ಲೇ ಹೋಯಿತು. ಅದು ದೋಷವಲ್ಲ.

ನನ್ನ ಪ್ರಕಾರ ಇಡೀ ಕತೆಯ ನಾಯಕ ಆ್ಯಪ್ ಅಲ್ಲ, ಗೋಡೆಯ ಮೇಲಿರುವ ಮೀಟರ್. ಹಳೆಯ ಮೀಟರ್‌ನಲ್ಲಿ ಒಂದು ಲೋಹದ ಚಕ್ರ ತಿರುಗುತ್ತಿತ್ತು. ಮನೆಯಿಂದ ಕರೆಂಟ್ ಹೊರಗೆ ಹೋದರೆ ಅದು ಹಿಂದಕ್ಕೆ ತಿರುಗುತ್ತಿತ್ತು. ಕೊಟ್ಟದ್ದನ್ನು ಪಡೆದದ್ದರಿಂದ ಕಳೆಯುವ ನೆಟ್ ಮೀಟರಿಂಗ್‌ಗೆ ಅಷ್ಟೇ ಸಾಕಿತ್ತು. ಅಮೆರಿಕದ ಮಿನ್ನೆಸೋಟ ರಾಜ್ಯ 1983ರಲ್ಲೇ ಇದಕ್ಕೆ ಕಾನೂನು ಮಾಡಿತ್ತು. ಆದರೆ ಆ ಚಕ್ರಕ್ಕೆ ಹೊತ್ತು ಗೊತ್ತಿಲ್ಲ. ಮಧ್ಯಾಹ್ನ ಕೊಟ್ಟ ಯೂನಿಟ್ಟೂ ಸಂಜೆ ಪಡೆದ ಯೂನಿಟ್ಟೂ ಅದಕ್ಕೆ ಒಂದೇ. ಗ್ರಿಡ್‌ಗೆ ಹಾಗಲ್ಲ. ಮಧ್ಯಾಹ್ನ ಎಲ್ಲ ಚಾವಣಿಗಳಿಂದಲೂ ಕರೆಂಟ್ ಬರುತ್ತದೆ. ಸಂಜೆ ಸೂರ್ಯ ಮುಳುಗುವ ಹೊತ್ತಿಗೇ ಎಲ್ಲರ ಮನೆಯಲ್ಲೂ ಬಳಕೆ ಏರುತ್ತದೆ.

ಸ್ಮಾರ್ಟ್ ಮೀಟರ್ 15 ಅಥವಾ 30 ನಿಮಿಷಕ್ಕೊಮ್ಮೆ ಲೆಕ್ಕ ಬರೆದಿಡುತ್ತದೆ. ಹೊತ್ತಿಗೆ ತಕ್ಕ ಬೆಲೆ ಸಾಧ್ಯವಾದದ್ದು ಹಾಗೆ. ಬ್ರಿಟನ್‌ನ ವಿದ್ಯುತ್ ಕಂಪನಿ ಆಕ್ಟೋಪಸ್ ಎನರ್ಜಿ 2018ರಲ್ಲಿ ತಂದ ಅಜೈಲ್ ಯೋಜನೆಯಲ್ಲಿ ಅರ್ಧ ಗಂಟೆಗೊಂದು ಬೆಲೆ. ಮರುದಿನದ ಬೆಲೆಗಳು ಹಿಂದಿನ ದಿನ ಸಂಜೆಯೊಳಗೆ ಗೊತ್ತಾಗುತ್ತವೆ. ಗಾಳಿ ಜೋರಾಗಿ ಬೀಸಿ, ಬಳಕೆ ಕಡಿಮೆ ಇದ್ದಾಗ ಬೆಲೆ ಸೊನ್ನೆಗಿಂತ ಕೆಳಗೆ ಇಳಿದದ್ದೂ ಉಂಟು. ಅಂದರೆ ಆ ಹೊತ್ತಿನಲ್ಲಿ ಕರೆಂಟ್ ಬಳಸಿದವರಿಗೇ ದುಡ್ಡು! ಗಮನಿಸಿ, ಇದಕ್ಕೆ ನಿಮ್ಮ ಹತ್ತಿರ ಒಂದು ಪ್ಯಾನೆಲ್ ಕೂಡ ಇರಬೇಕಾಗಿಲ್ಲ. ಎಲ್ಲೋ ದೂರದ ಗಾಳಿಯಂತ್ರದ ಲಾಭ ಬಾಡಿಗೆ ಮನೆಗೂ ತಲುಪುತ್ತದೆ.

ಇದೇ ಮೀಟರ್ ಸೋಲಾರ್ ಹಾಕಿಸಿಕೊಂಡವರ ಜೇಬಿಗೆ ಕತ್ತರಿ ಹಾಕಬಹುದು ಎಂಬುದನ್ನೂ ಹೇಳಬೇಕು. ಕ್ಯಾಲಿಫೋರ್ನಿಯಾದಲ್ಲಿ 2023ರ ಏಪ್ರಿಲ್‌ನಿಂದ ಹೊಸ ಸೋಲಾರ್ ಗ್ರಾಹಕರಿಗೆ ಗಂಟೆ ನೋಡಿ ಬೆಲೆ ಕಟ್ಟುವ ಪದ್ಧತಿ ಬಂತು. ಮಧ್ಯಾಹ್ನ ಗ್ರಿಡ್‌ಗೆ ಕೊಡುವ ಕರೆಂಟಿನ ಬೆಲೆ ತುಂಬಾ ಇಳಿಯಿತು. ಅಲ್ಲಿ ಈಗ ಪ್ಯಾನೆಲ್ ಜೊತೆಗೇ ಬ್ಯಾಟರಿ ಹಾಕಿಸುವುದು ಸಾಮಾನ್ಯವಾಗಿದೆ.

ಮೀಟರ್‌ನಿಂದ ಆಚೆಗೆ, ಬೀದಿಯ ತಂತಿಗೆ ಬರೋಣ. ಇದನ್ನು ಯಾರೂ ಜಾಹೀರಾತಿನಲ್ಲಿ ಹಾಕುವುದಿಲ್ಲ, ಆದರೆ ನನಗೆ ಬಹಳ ಮುಖ್ಯ ಅನಿಸುತ್ತದೆ. ಒಂದೇ ಟ್ರಾನ್ಸ್‌ಫಾರ್ಮರ್‌ನ ಹಲವು ಮನೆಗಳು ಒಟ್ಟಿಗೆ ಕರೆಂಟ್ ಹೊರಗೆ ಕಳಿಸಿದರೆ ಆ ಸಾಲಿನ ವೋಲ್ಟೇಜ್ ಏರುತ್ತದೆ. ಮೊದಲು ಬಂದವರಿಗೆಲ್ಲ ಅನುಮತಿ ಕೊಟ್ಟು ಮುಗಿದ ಮೇಲೆ, ಹೊಸಬರಿಗೆ 'ಜಾಗ ಇಲ್ಲ' ಅನ್ನಬೇಕಾಗುತ್ತದೆ, ಇಲ್ಲವೇ ತೀರಾ ಕಡಿಮೆ ಮಿತಿ ಹಾಕಬೇಕಾಗುತ್ತದೆ. ದಕ್ಷಿಣ ಆಸ್ಟ್ರೇಲಿಯಾ ರಾಜ್ಯದಲ್ಲಿ ಹೀಗೇ ಆಯಿತು. ಇಡೀ ಆಸ್ಟ್ರೇಲಿಯಾದಲ್ಲಿ ಸುಮಾರು ಮೂರು ಮನೆಗಳಲ್ಲಿ ಒಂದರ ಮೇಲೆ ಸೋಲಾರ್ ಇದೆ. ಆ ರಾಜ್ಯದ ವಿತರಣಾ ಕಂಪನಿ ಹೊಸ ಗ್ರಾಹಕರ ಮುಂದೆ ಎರಡು ದಾರಿ ಇಟ್ಟಿತು. ತಂತಿ ತುಂಬಿದ ಬಡಾವಣೆಗಳಲ್ಲಿ ವರ್ಷವಿಡೀ 1.5 ಕಿಲೋವಾಟ್‌ಗಿಂತ ಹೆಚ್ಚು ಕಳಿಸಬೇಡಿ ಎಂಬುದು ಒಂದು. ಇನ್ನೊಂದು, ಇನ್ವರ್ಟರನ್ನು ಇಂಟರ್‌ನೆಟ್‌ಗೆ ಜೋಡಿಸಿ, ತಂತಿ ಖಾಲಿ ಇದ್ದಾಗ 10 ಕಿಲೋವಾಟ್‌ವರೆಗೂ ಕಳಿಸಿ, ತುಂಬಿದಾಗ ಇನ್ವರ್ಟರ್ ತಾನೇ ತಗ್ಗಿಸಿಕೊಳ್ಳುತ್ತದೆ ಎಂಬುದು. ತಂತಿ ತುಂಬುವುದು ವರ್ಷದಲ್ಲಿ ಸ್ವಲ್ಪ ಹೊತ್ತು ಮಾತ್ರ. ಆ ಸ್ವಲ್ಪ ಹೊತ್ತಿಗೋಸ್ಕರ ಎಲ್ಲ ದಿನವೂ ಎಲ್ಲರನ್ನೂ ತಡೆಯುವ ಬದಲು, ಬೇಕಾದಾಗ ಮಾತ್ರ ತಡೆಯುವುದು. ಹೊಸ ತಂತಿ ಎಳೆಯದೆ ಇನ್ನಷ್ಟು ಮನೆಗಳಿಗೆ ಜಾಗ ಸಿಕ್ಕಿತು.

ದುಡ್ಡಿನ ವಿಷಯಕ್ಕೆ ಬಂದರೆ ಪೂರ್ವ ಆಫ್ರಿಕಾ ನೋಡಬೇಕು. ಕೆನ್ಯಾದಲ್ಲಿ 2007ರಲ್ಲಿ ಎಂ-ಪೆಸಾ ಬಂತು, ಸಾದಾ ಫೋನಿನಲ್ಲೇ ದುಡ್ಡು ಕಳಿಸುವ ವ್ಯವಸ್ಥೆ. ಅದರ ಬೆನ್ನಿಗೇ ಎಂ-ಕೋಪಾದಂಥ ಕಂಪನಿಗಳು ಪುಟ್ಟ ಸೋಲಾರ್ ಕಿಟ್‌ಗಳನ್ನು ಕಂತಿನ ಮೇಲೆ ಕೊಡಲು ಶುರು ಮಾಡಿದವು. ಒಂದು ಪ್ಯಾನೆಲ್, ಒಂದು ಬ್ಯಾಟರಿ, ಒಂದೆರಡು ಬಲ್ಬು, ಫೋನ್ ಚಾರ್ಜ್ ಮಾಡುವ ತಂತಿ. ಪೆಟ್ಟಿಗೆಯೊಳಗೆ ಒಂದು ಸಿಮ್. ಕಂತು ಕಟ್ಟಿದರೆ ಕರೆಂಟ್ ಬರುತ್ತದೆ, ಕಟ್ಟದಿದ್ದರೆ ದೂರದಿಂದಲೇ ಬೀಗ ಬೀಳುತ್ತದೆ. ಪೂರ್ತಿ ಕಟ್ಟಿದ ಮೇಲೆ ಕಿಟ್ ನಿಮ್ಮದು. ದಿನಕ್ಕಿಷ್ಟು ಅಂತ ಸೀಮೆಎಣ್ಣೆಗೆ ಖರ್ಚು ಮಾಡುತ್ತಿದ್ದವರಿಗೆ ದಿನದ ಕಂತು ಕಟ್ಟುವುದು ಸಾಧ್ಯವಿತ್ತು, ಇಡೀ ಬೆಲೆ ಒಂದೇ ಸಲ ಕೊಡುವುದು ಸಾಧ್ಯವಿರಲಿಲ್ಲ. ಬ್ಯಾಂಕ್ ಸಾಲಕ್ಕೆ ಅಡವಿಡಲು ಏನೂ ಇಲ್ಲದವರಿಗೆ ಆ ಸಿಮ್ಮೇ ಜಾಮೀನು. ಪ್ಯಾನೆಲ್‌ಗಿಂತ ಸಿಮ್ ಇಲ್ಲಿ ಹೆಚ್ಚಿನ ಕೆಲಸ ಮಾಡಿದೆ ಅಂದರೂ ತಪ್ಪಿಲ್ಲ. ಆದರೆ ಕಂತೆಲ್ಲ ಸೇರಿದರೆ ನಗದು ಬೆಲೆಗಿಂತ ಜಾಸ್ತಿಯೇ ಆಗುತ್ತದೆ. ಕೈಯಲ್ಲಿ ದುಡ್ಡಿಲ್ಲದ ವಾರದಲ್ಲೇ ಮನೆ ಕತ್ತಲಾಗುತ್ತದೆ. ಅದೂ ಈ ವ್ಯವಸ್ಥೆಯ ಭಾಗವೇ.

ಈಗ ಬಾಡಿಗೆ ಮನೆಯವರ ಪ್ರಶ್ನೆ. ಒಂದು ದಾರಿ ಸಮುದಾಯ ಸೋಲಾರ್. ಬೇರೆಲ್ಲೋ ಇರುವ ಘಟಕದಲ್ಲಿ ನಿಮ್ಮದೊಂದು ಪಾಲು, ಅದರಿಂದ ಬಂದ ಯೂನಿಟ್‌ಗಳು ನಿಮ್ಮ ಬಿಲ್‌ನಲ್ಲಿ ಕಳೆಯುತ್ತವೆ. ಅಮೆರಿಕದ ಕೊಲರಾಡೊ ರಾಜ್ಯ 2010ರಲ್ಲೇ ಇದಕ್ಕೆ ಕಾನೂನು ಮಾಡಿತು. ನೂರಾರು ಮನೆಗಳ ಪಾಲನ್ನು ತಿಂಗಳು ತಿಂಗಳು ಹಂಚುವುದು ಕಾಗದದ ಲೆಕ್ಕದಲ್ಲಿ ಆಗುವ ಮಾತಲ್ಲ. ಮನೆ ಬದಲಾಯಿಸಿದರೂ ಅದೇ ವಿದ್ಯುತ್ ಕಂಪನಿಯ ವ್ಯಾಪ್ತಿಯಲ್ಲಿದ್ದರೆ ಸಾಮಾನ್ಯವಾಗಿ ಪಾಲೂ ಜೊತೆಗೆ ಬರುತ್ತದೆ.

ಇನ್ನೊಂದು ದಾರಿ ಜರ್ಮನಿಯ ಬಾಲ್ಕನಿ ಸೋಲಾರ್. ಬಾಲ್ಕನಿ ಕಂಬಿಗೆ ಒಂದೆರಡು ಪ್ಯಾನೆಲ್ ಕಟ್ಟಿ, ಪ್ಲಗ್ ಹಾಕಿದರೆ ಆಯಿತು. 2024ರಲ್ಲಿ ಅಲ್ಲಿ ಇನ್ವರ್ಟರ್ ಮಿತಿಯನ್ನು 800 ವಾಟ್‌ಗೆ ಏರಿಸಿದರು, ನೋಂದಣಿಯನ್ನು ಆನ್‌ಲೈನ್‌ನಲ್ಲಿ ಒಂದೇ ಕಡೆ ಮುಗಿಯುವಂತೆ ಸರಳ ಮಾಡಿದರು. 2025ರಲ್ಲಿ ನೋಂದಣಿ 10 ಲಕ್ಷ ದಾಟಿತು. ಇಲ್ಲಿ ಡಿಜಿಟಲ್ ಅಂದರೆ ಬರೀ ಒಂದು ಸುಲಭದ ಅರ್ಜಿ. ಜನರನ್ನು ಸೋಲಾರ್‌ನಿಂದ ದೂರ ಇಟ್ಟಿದ್ದು ಎಷ್ಟೋ ಕಡೆ ತಂತ್ರಜ್ಞಾನವಲ್ಲ, ಕಾಗದಪತ್ರದ ಅಲೆದಾಟ. (ಎಲ್ಲ ದೇಶಗಳಲ್ಲೂ ಹೀಗೆ ಪ್ಲಗ್ ಹಾಕಲು ಅನುಮತಿ ಇಲ್ಲ. ನಿಮ್ಮಲ್ಲಿನ ನಿಯಮ ನೋಡದೆ ಪ್ರಯೋಗ ಮಾಡಬೇಡಿ.)

ನೆರೆಹೊರೆಯವರೇ ಬ್ಲಾಕ್‌ಚೈನ್ (ಹಲವು ಕಂಪ್ಯೂಟರ್‌ಗಳು ಹಂಚಿಕೊಂಡು ಇಡುವ ಲೆಕ್ಕದ ಪುಸ್ತಕ) ಮೂಲಕ ಕರೆಂಟ್ ಮಾರಿಕೊಳ್ಳುವ ಸುದ್ದಿಯನ್ನೂ ಓದಿರುತ್ತೀರಿ. ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ 2016ರಲ್ಲಿ ನಡೆದ ಇಂಥ ಪ್ರಯೋಗಕ್ಕೆ ಭಾರಿ ಪ್ರಚಾರ ಸಿಕ್ಕಿತು. ನನಗೆ ಅದಕ್ಕಿಂತ ಬಾಂಗ್ಲಾದೇಶದ ಸೋಲ್‌ಶೇರ್ ಇಷ್ಟ. ಲಕ್ಷಾಂತರ ಹಳ್ಳಿಮನೆಗಳಲ್ಲಿ ಆಗಲೇ ಪುಟ್ಟ ಸೋಲಾರ್ ಇದ್ದ ದೇಶ ಅದು. ಬ್ಯಾಟರಿ ತುಂಬಿದ ಮೇಲೆ ವ್ಯರ್ಥವಾಗುತ್ತಿದ್ದ ಕರೆಂಟನ್ನು ಪಕ್ಕದ ಮನೆಗೆ ಕೊಟ್ಟು ಲೆಕ್ಕ ಇಡುವ ಒಂದು ಪೆಟ್ಟಿಗೆ ಮಾಡಿದರು, ಅಷ್ಟೇ.

ಒಂದು ಸಂಶಯ ನ್ಯಾಯವಾದದ್ದು. ಅರ್ಧ ಗಂಟೆಗೊಮ್ಮೆ ಬೆಲೆ ನೋಡುತ್ತಾ ಕೂರುವವರು ಯಾರು? ಯಾರೂ ಇಲ್ಲ. ಮೊದಲ ತಿಂಗಳು ಆ್ಯಪ್ ತೆಗೆದು ನೋಡುತ್ತೇವೆ, ಆಮೇಲೆ ಮರೆಯುತ್ತೇವೆ. ಅದಕ್ಕೇ ತಾನಾಗಿ ನಡೆಯುವ ವ್ಯವಸ್ಥೆಗಳೇ ಉಳಿಯುವುದು. ನೀರಿನ ಹೀಟರ್, ವಾಷಿಂಗ್ ಮಷೀನ್, ಎಲೆಕ್ಟ್ರಿಕ್ ಗಾಡಿಯ ಚಾರ್ಜಿಂಗ್ ಇವೆಲ್ಲ ಒಂದೆರಡು ಗಂಟೆ ಹಿಂದೆಮುಂದೆ ಆದರೂ ತೊಂದರೆಯಿಲ್ಲದ ಕೆಲಸಗಳು. ಚಾವಣಿಯಲ್ಲಿ ಕರೆಂಟ್ ಉಳಿಯುತ್ತಿದೆ ಎಂದು ಮೀಟರ್ ಹೇಳಿದ ಕೂಡಲೇ ಹೀಟರ್ ತಾನೇ ಹೊತ್ತಿಕೊಂಡರೆ, ಬಿಸಿನೀರಿನ ಡ್ರಮ್ಮೇ ಅಗ್ಗದ ಬ್ಯಾಟರಿ. ಆ್ಯಪಲ್ 2022ರಲ್ಲಿ ಅಮೆರಿಕದ ಐಫೋನ್‌ಗಳಿಗೆ, ಗ್ರಿಡ್‌ನಲ್ಲಿ ಶುದ್ಧ ವಿದ್ಯುತ್ ಹೆಚ್ಚಿರುವ ಹೊತ್ತು ನೋಡಿ ಚಾರ್ಜ್ ಮಾಡಿಕೊಳ್ಳುವ ಸೌಲಭ್ಯ ಕೊಟ್ಟಿತು. ಫೋನ್ ಕುಡಿಯುವ ಕರೆಂಟ್ ಎಷ್ಟು ಮಹಾ? ಅದೇ ಬುದ್ಧಿ ಕಾರ್ ಚಾರ್ಜರ್‌ನಲ್ಲಿ ಇದ್ದರೆ ಲೆಕ್ಕಕ್ಕೆ ಬರುತ್ತದೆ.

ಕೊನೆಗೆ, ಈ ಜೋಡಣೆಗೆ ತೆರಬೇಕಾದ ಬೆಲೆ. ಇನ್ವರ್ಟರ್ ಗ್ರಿಡ್ ಮಾತು ಕೇಳುತ್ತದೆ ಅಂದರೆ, ಬೇರೆಯವರು ಅದನ್ನು ಆಫ್ ಮಾಡಲೂಬಹುದು. ದಕ್ಷಿಣ ಆಸ್ಟ್ರೇಲಿಯಾದಲ್ಲಿ 2020ರ ಸೆಪ್ಟೆಂಬರ್‌ನಿಂದ ಹೊಸ ಸೋಲಾರ್‌ಗಳನ್ನು ದೂರದಿಂದ ಆಫ್ ಮಾಡಲು ಆಗಲೇಬೇಕು ಎಂಬ ನಿಯಮವಿದೆ. 2021ರ ಮಾರ್ಚ್‌ನಲ್ಲಿ ಅದನ್ನು ಮೊದಲ ಸಲ ಬಳಸಿಯೂ ಆಯಿತು. ಇನ್ನು ಖಾಸಗಿತನ. ಮನೆಯ ಒಟ್ಟು ಬಳಕೆಯ ಏರಿಳಿತ ನೋಡಿಯೇ ಯಾವ ಸಾಧನ ಯಾವಾಗ ಓಡಿತು ಎಂದು ಹೇಳಬಹುದು ಎಂಬುದನ್ನು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಸಂಶೋಧಕ ಜಾರ್ಜ್ ಹಾರ್ಟ್ 1980ರ ದಶಕದಲ್ಲೇ ತೋರಿಸಿದ್ದರು. ನೀವು ಊರಿಗೆ ಹೋಗಿದ್ದೀರಾ ಎಂಬುದೂ ಆ ಏರಿಳಿತದಲ್ಲಿ ಕಾಣುತ್ತದೆ. ಜೊತೆಗೆ ಪ್ಯಾನೆಲ್ ಬಾಳುವುದು 25 ವರ್ಷ, ಆ್ಯಪ್ ನಡೆಸುವ ಕಂಪನಿ ಅಷ್ಟು ವರ್ಷ ಇರುತ್ತದೆ ಎಂಬ ಖಾತ್ರಿ ಯಾರೂ ಕೊಡುವುದಿಲ್ಲ.

ಹಾಗಾಗಿ ಹಾಕಿಸುವ ಮುಂಚೆ ಇಷ್ಟನ್ನು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ಇಂಟರ್‌ನೆಟ್ ಇಲ್ಲದಿದ್ದರೂ ಇನ್ವರ್ಟರ್ ಕರೆಂಟ್ ಕೊಡುತ್ತದಾ? ಗ್ರಿಡ್ ಹೋದಾಗ ಏನಾಗುತ್ತದೆ? (ಬ್ಯಾಟರಿ ಇಲ್ಲದ ಹೆಚ್ಚಿನವು, ಲೈನ್ ಮೇಲೆ ಕೆಲಸ ಮಾಡುವವರ ಸುರಕ್ಷತೆಗಾಗಿ ಆಫ್ ಆಗುತ್ತವೆ. ಇದು ತಿಳಿಯದೆ ಬೇಸರಪಟ್ಟುಕೊಳ್ಳುವವರೇ ಜಾಸ್ತಿ.) ಕಂಪನಿಯ ಕ್ಲೌಡ್ (ಅವರ ದೂರದ ಕಂಪ್ಯೂಟರ್‌ಗಳು) ಮುಟ್ಟದೆ ಇನ್ವರ್ಟರ್‌ನಿಂದ ನೇರವಾಗಿ ಮಾಹಿತಿ ಓದಲು ಮಾಡ್‌ಬಸ್‌ನಂಥ ಮುಕ್ತ ವ್ಯವಸ್ಥೆ ಇದೆಯಾ? ಇದ್ದರೆ, ಹೋಮ್ ಅಸಿಸ್ಟೆಂಟ್‌ನಂಥ ಉಚಿತ ತಂತ್ರಾಂಶ ಹಾಕಿದ ಮನೆಯದೇ ಪುಟ್ಟ ಕಂಪ್ಯೂಟರ್‌ನಲ್ಲಿ ಎಲ್ಲ ಲೆಕ್ಕ ಇಟ್ಟುಕೊಳ್ಳಬಹುದು. ಆಗ ಕಂಪನಿಯ ಆ್ಯಪ್ ನಿಂತುಹೋದರೂ ನಿಮ್ಮ ಲೆಕ್ಕ ನಿಮ್ಮ ಕೈಯಲ್ಲೇ ಇರುತ್ತದೆ.