ಓದುಗರ ಪ್ರಶ್ನೆ: ಗ್ರಾಫಿಕ್ಸ್ ಇಲ್ಲದ 1940ರಲ್ಲಿ ವಿಮಾನವನ್ನು ಒಂದೇ ಶಾಟ್‌ನಲ್ಲಿ ಸಮುದ್ರಕ್ಕೆ ಬೀಳಿಸಿದ್ದು ಹೇಗೆ?

ಪ್ರಶ್ನೆ: ಆಲ್‌ಫ್ರೆಡ್ ಹಿಚ್‌ಕಾಕ್ ನಿರ್ದೇಶನದ ‘ಫಾರಿನ್ ಕರೆಸ್ಪಾಂಡೆಂಟ್’ ನೋಡಿದೆ. ಕೊನೆಯಲ್ಲಿ ವಿಮಾನ ಸಮುದ್ರಕ್ಕೆ ಬೀಳುವಾಗ ಕ್ಯಾಮೆರಾ ಪೈಲಟ್‌ಗಳ ಬೆನ್ನ ಹಿಂದೆಯೇ ಇರುತ್ತದೆ. ಎದುರಿನ ಕಿಟಕಿಯಲ್ಲಿ ಸಮುದ್ರ ಹತ್ತಿರ ಹತ್ತಿರ ಬರುತ್ತದೆ, ಮರುಕ್ಷಣ ನೀರು ಒಳಗೆ ನುಗ್ಗುತ್ತದೆ. ನಡುವೆ ಎಲ್ಲೂ ಕಟ್ ಕಾಣಲಿಲ್ಲ. ಆ ಕಾಲದಲ್ಲಿ ಇದನ್ನು ಹೇಗೆ ತೆಗೆದರು?

ಉತ್ತರ: ಸಮುದ್ರ ಇದ್ದದ್ದು ಕಾಗದದ ಮೇಲೆ. ಕಾಕ್‌ಪಿಟ್ ಸೆಟ್‌ನ ಮುಂದೆ ಬಿಗಿದು ಕಟ್ಟಿದ ಕಾಗದದ ಪರದೆ, ಅದರ ಮೇಲೆ ಹಿಂದಿನಿಂದ ಬೀಳುವ ಸಮುದ್ರದ ದೃಶ್ಯ, ಆ ಕಾಗದದ ಬೆನ್ನಿಗೇ ನೀರು ತುಂಬಿದ ಟ್ಯಾಂಕ್. ದೃಶ್ಯದಲ್ಲಿನ ಸಮುದ್ರ ಇನ್ನೇನು ವಿಮಾನದ ಮೂತಿಗೆ ತಾಗಬೇಕು ಅನ್ನುವಷ್ಟರಲ್ಲಿ ಗುಂಡಿ ಒತ್ತಿ ನಿಜವಾದ ನೀರು ಬಿಟ್ಟರು. ನೀರು ಕಾಗದವನ್ನು ಹರಿದುಕೊಂಡೇ ಒಳಗೆ ಬಂತು. ಕತ್ತರಿ ಹಾಕಬೇಕಾದ ಜಾಗದಲ್ಲಿ ನೀರು ಹಾಕಿದರು, ಇಷ್ಟೇ ಗುಟ್ಟು. ಫ್ರೆಂಚ್ ನಿರ್ದೇಶಕ ಫ್ರಾಂಸ್ವಾ ತ್ರುಫೊ 1962ರಲ್ಲಿ ಸಂದರ್ಶನ ಮಾಡಿದಾಗ ಹಿಚ್‌ಕಾಕ್ ತಾವೇ ಇದನ್ನು ಬಿಡಿಸಿ ಹೇಳಿದ್ದಾರೆ.

ಕೇಳಲು ಸುಲಭ. ಮಾಡಲು ಹೊರಟರೆ ಒಂದೊಂದು ಹೆಜ್ಜೆಯಲ್ಲೂ ಕೆಡುವ ದಾರಿ ಇದೆ. ಅದನ್ನು ಬಿಡಿಸಿ ನೋಡಿದರೆ ಈ ಶಾಟ್‌ನ ಹೆಚ್ಚುಗಾರಿಕೆ ಗೊತ್ತಾಗುತ್ತದೆ. (ಚಿತ್ರ ನೋಡಿಲ್ಲದವರು ಮೊದಲು ನೋಡಿ ಬಂದು ಓದಿದರೆ ಒಳ್ಳೆಯದು. ಕಥೆಯ ಮುಖ್ಯ ತಿರುವುಗಳು ಮುಂದೆ ಬರುತ್ತವೆ.)

ಹಿಂದಿನಿಂದ ಬೀಳುವ ಸಮುದ್ರ

ಮೊದಲ ಭಾಗ ಬ್ಯಾಕ್ ಪ್ರೊಜೆಕ್ಷನ್. ಹಳೆಯ ಕನ್ನಡ ಚಿತ್ರಗಳಲ್ಲಿ ನಾಯಕ ಕಾರು ಓಡಿಸುತ್ತಾ ಹಾಡುವಾಗ ಹಿಂದಿನ ಗಾಜಿನಲ್ಲಿ ರಸ್ತೆ ಓಡುತ್ತಿರುತ್ತದಲ್ಲ, ಅದೇ ತಂತ್ರ. ಕಾರು ಸ್ಟುಡಿಯೊದಲ್ಲಿ ನಿಂತೇ ಇರುತ್ತದೆ, ರಸ್ತೆ ಮಾತ್ರ ಅದರ ಹಿಂದಿನ ಪರದೆಯ ಮೇಲೆ ಚಲಿಸುತ್ತದೆ. ಪ್ರೊಜೆಕ್ಟರ್ ಪರದೆಯ ಆಚೆ, ಕ್ಯಾಮೆರಾ ಈಚೆ. ಎರಡರ ಮೋಟಾರುಗಳನ್ನೂ ಒಂದಕ್ಕೊಂದು ಜೋಡಿಸಿರುತ್ತಾರೆ. ಕ್ಯಾಮೆರಾ ಸೆಕೆಂಡಿಗೆ 24 ಫ್ರೇಮ್ ಹಿಡಿಯುತ್ತದೆ, ಒಂದೊಂದು ಫ್ರೇಮಿಗೆ ಅದರ ಶಟರ್ ತೆರೆದಿರುವುದು ಸುಮಾರು 48ನೇ ಒಂದು ಸೆಕೆಂಡು. ಅದೇ ಹೊತ್ತಿಗೆ ಪ್ರೊಜೆಕ್ಟರಿನ ಶಟರ್ ಕೂಡ ತೆರೆದಿರಬೇಕು. ತಾಳ ತಪ್ಪಿದರೆ ಸಮುದ್ರ ಮಿಣುಕುತ್ತದೆ, ಇಲ್ಲವೇ ಪೂರ್ತಿ ಕಪ್ಪಾಗುತ್ತದೆ.

ಬೆಳಕಿನ ತೊಂದರೆ ಬೇರೆ. ಕಾಕ್‌ಪಿಟ್‌ನಲ್ಲಿ ಕೂತ ನಟರಿಗೆ ಬೆಳಕು ಬೇಕು, ಆ ಬೆಳಕಿನ ಒಂದು ತುಣುಕೂ ಪರದೆಯ ಮೇಲೆ ಬೀಳಬಾರದು. ಬಿದ್ದರೆ ಸಮುದ್ರ ಹಾಲು ಬೆರೆಸಿದ ಹಾಗೆ ಬಿಳುಚಿಕೊಳ್ಳುತ್ತದೆ. ಪರದೆಯ ನಡುಭಾಗ ಹೆಚ್ಚು ಹೊಳೆದು ಅಂಚುಗಳು ಮಂಕಾಗುವುದು ಈ ವಿಧಾನದ ಹುಟ್ಟುಗುಣ. ಇಲ್ಲಿ ಕಾಕ್‌ಪಿಟ್ ಕಿಟಕಿಯ ಚೌಕಟ್ಟೇ ಅಂಚುಗಳನ್ನು ಮರೆಮಾಡುತ್ತದೆ. ಪೈಲಟ್‌ಗಳು ಕ್ಯಾಮೆರಾಕ್ಕೆ ಬೆನ್ನು ಹಾಕಿ ಕೂತಿರುವುದರಿಂದ ಮುಖಕ್ಕೆ ತುಂಬು ಬೆಳಕು ಚೆಲ್ಲುವ ಅಗತ್ಯವೂ ಕಡಿಮೆ.

ಪರದೆಯ ಮೇಲೆ ಬಿಟ್ಟ ದೃಶ್ಯವನ್ನು ನಿಜವಾದ ವಿಮಾನದಿಂದಲೇ ತೆಗೆದದ್ದು. ಸ್ಟಂಟ್ ಪೈಲಟ್ ಸಮುದ್ರದ ಕಡೆಗೆ ಮೂತಿ ಮಾಡಿ ಧುಮುಕಬೇಕು, ಕೊನೆಗಳಿಗೆಯಲ್ಲಿ ಮೇಲೆಳೆದುಕೊಳ್ಳಬೇಕು. ವಿಮಾನ ಧುಮುಕುವಾಗ ದಿಗಂತ ಚೌಕಟ್ಟಿನ ಮೇಲಂಚು ದಾಟಿ ಮಾಯವಾಗಿ ಇಡೀ ಚಿತ್ರ ನೀರೇ ಆಗುತ್ತದೆ. ಪೈಲಟ್ ಮೂತಿ ಎತ್ತಿದ ಕೂಡಲೇ ಅದೇ ದಿಗಂತ ಮೇಲಿನಿಂದ ಮತ್ತೆ ಇಳಿದುಬರುತ್ತದೆ. ಅದು ಕಂಡರೆ ಮುಗಿಯಿತು, ವಿಮಾನ ಉಳಿಯಿತೆಂದು ನೋಡುವವರಿಗೆ ತಿಳಿದುಬಿಡುತ್ತದೆ. ಹಾಗಾಗಿ ನಿಜವಾದ ನೀರು ಬರಬೇಕಾದ ಗಡುವನ್ನು ಆ ಫಿಲ್ಮೇ ಗೊತ್ತುಮಾಡುತ್ತದೆ: ಸಮುದ್ರ ಚೌಕಟ್ಟು ತುಂಬಿದ ಮೇಲೆ, ದಿಗಂತ ಮರಳುವ ಮೊದಲು.

ಕಾಗದವೇ ಏಕೆ

ಬ್ಯಾಕ್ ಪ್ರೊಜೆಕ್ಷನ್‌ಗೆ ಬಳಸುವ ಮಾಮೂಲಿ ಪರದೆ ಗಟ್ಟಿ ಹಾಳೆ. ಅದರ ಹಿಂದಿನಿಂದ ನೀರು ಬಿಟ್ಟರೆ ಮೊದಲು ಹೊಟ್ಟೆ ಉಬ್ಬಿಸುತ್ತದೆ, ಮೇಲಿನ ಚಿತ್ರ ಸೊಟ್ಟಗಾಗುತ್ತದೆ, ಆಮೇಲೆ ಎಲ್ಲೋ ಒಂದು ಕಡೆ ಸೀಳುತ್ತದೆ. ಸಮುದ್ರ ಉಬ್ಬಿ ಸೀಳುವುದನ್ನು ಕಂಡವರು ಯಾರೂ ನಂಬುವುದಿಲ್ಲ. ಅದಕ್ಕೇ ರೈಸ್ ಪೇಪರ್ ಎಂದು ಕರೆಯುವ ತೆಳು ಕಾಗದ ಹಿಡಿದರು. ಅದು ಬೆಳಕನ್ನು ಬಿಟ್ಟುಕೊಡುತ್ತದೆ, ಚಿತ್ರವನ್ನೂ ಹಿಡಿಯುತ್ತದೆ. ಜೋರಾಗಿ ನೀರು ತಾಗಿದರೆ ಎದುರು ನಿಲ್ಲುವ ಶಕ್ತಿ ಮಾತ್ರ ಅದಕ್ಕಿಲ್ಲ. ಬೇಕಾಗಿದ್ದ ಗುಣ ಆ ದೌರ್ಬಲ್ಯವೇ.

ನೀರು, ಅದರ ಲೆಕ್ಕ

ಟ್ಯಾಂಕಿನ ನೀರು ಹರಿದುಬರಲು ಕಾಗದದ ಹಿಂದೆ ಎರಡು ಇಳಿಜಾರು ದೋಣಿಗಳನ್ನು ಕಿಟಕಿಯ ಕಡೆಗೆ ಗುರಿಯಿಟ್ಟು ಕೂರಿಸಿದ್ದರು. ಹಂಚಿನ ಮನೆಯ ಸೂರಿನಿಂದ ಮಳೆನೀರು ಹರಿಸಲು ಕಟ್ಟುವ ದೋಣಿಯನ್ನು ನೆನಪಿಸಿಕೊಳ್ಳಿ, ಅದರ ದೊಡ್ಡಣ್ಣ. ಎರಡೂ ಪ್ರೊಜೆಕ್ಟರಿನ ಬೆಳಕಿನ ದಾರಿಗೆ ಅಡ್ಡ ಬರುವ ಹಾಗಿಲ್ಲ. ಒಂದರ ಅಂಚು ಬೆಳಕಿಗೆ ಸಿಕ್ಕಿದರೂ ಸಮುದ್ರದ ಮೇಲೆ ಅದರ ನೆರಳು ಬೀಳುತ್ತದೆ.

ಎಷ್ಟು ಬೇಗ ಬರಬೇಕು ಈ ನೀರು? ಉದಾಹರಣೆಗೆ ನೀರು 5 ಮೀಟರ್ ಎತ್ತರದಿಂದ ಬೀಳುತ್ತದೆ ಎಂದಿಟ್ಟುಕೊಳ್ಳೋಣ. ಕೆಳಗೆ ತಲುಪಲು ಸುಮಾರು ಒಂದು ಸೆಕೆಂಡು ಬೇಕು, ತಲುಪಿದಾಗ ಅದರ ವೇಗ ಸೆಕೆಂಡಿಗೆ 10 ಮೀಟರಿನ ಹತ್ತಿರ ಇರುತ್ತದೆ. ಇದರಿಂದ ಎರಡು ಸಂಗತಿ ತಿಳಿಯುತ್ತವೆ. ಒಂದು, ಗುಂಡಿ ಒತ್ತುವವರು ಪೂರ್ತಿ 24 ಫ್ರೇಮ್ ಮುಂಚೆಯೇ ಒತ್ತಬೇಕು. ಸಮುದ್ರ ತಾಗಿದ್ದನ್ನು ಕಂಡು ಒತ್ತಿದರೆ ಹೊತ್ತು ಮೀರಿರುತ್ತದೆ. ಇನ್ನೊಂದು, ಆ ವೇಗದಲ್ಲಿ ನೀರು ಒಂದು ಫ್ರೇಮಿಗೆ 40 ಸೆಂಟಿಮೀಟರಿಗೂ ಹೆಚ್ಚು ಮುಂದೆ ಬರುತ್ತದೆ. ಕಾಗದಕ್ಕೂ ಕಿಟಕಿಗೂ ನಡುವೆ ಒಂದೂವರೆ ಮೀಟರ್ ಅಂತರವಿದ್ದರೆ ಕಾಗದ ಹರಿದು ನೀರು ಕಿಟಕಿ ತಲುಪುವುದು ನಾಲ್ಕೇ ಫ್ರೇಮಿನಲ್ಲಿ. ಹರಿದ ಅಂಚನ್ನು ಗುರುತಿಸಲು ನಮ್ಮ ಕಣ್ಣಿಗೆ ಸಿಗುವ ಸಮಯ ಸೆಕೆಂಡಿನ ಆರನೇ ಒಂದು ಪಾಲು.

ವೇಗದಷ್ಟೇ ಮುಖ್ಯ ನೀರಿನ ಪ್ರಮಾಣ. ಕಾಗದ ಹರಿದ ಕೂಡಲೇ ಅದರ ಹಿಂದಿದ್ದ ಪ್ರೊಜೆಕ್ಟರಿನ ದೀಪ ನೇರವಾಗಿ ಕ್ಯಾಮೆರಾದ ಕಣ್ಣಿಗೆ ಹೊಡೆಯಬಹುದು. ಚೂರಾದ ಕಾಗದ ಗಾಳಿಪಟದ ಹಾಗೆ ನೇತಾಡಬಹುದು. ಎರಡನ್ನೂ ಮುಚ್ಚಬೇಕಾದದ್ದು ನೀರೇ. ಬಕೆಟ್ ಲೆಕ್ಕದ ನೀರು ಇದಕ್ಕೆ ಏನೇನೂ ಸಾಲದು. ಮನೆ ತಾರಸಿಯ ಮೇಲಿನ 1000 ಲೀಟರ್ ಟ್ಯಾಂಕ್ ತುಂಬಿದಾಗ ಅದರ ನೀರೇ ಒಂದು ಟನ್ ತೂಗುತ್ತದೆ. ಅಂಥದ್ದೊಂದು ಒಮ್ಮೆಲೇ ಎದೆಗೆ ಬಂದರೆ ಹೇಗಿರುತ್ತದೆಂದು ಊಹಿಸಿಕೊಂಡರೆ ಕಾಕ್‌ಪಿಟ್‌ನಲ್ಲಿ ಕೂತವರ ಕೆಲಸ ಎಂಥದ್ದೆಂದು ಅರ್ಥವಾಗುತ್ತದೆ. ನೀರಿನ ರಾಶಿ ಎಷ್ಟು ದೊಡ್ಡದಿತ್ತೆಂದರೆ ಪರದೆ ಯಾರ ಕಣ್ಣಿಗೂ ಬೀಳಲಿಲ್ಲ ಎಂದು ಹಿಚ್‌ಕಾಕ್ ಹೇಳುವುದು ಇದನ್ನೇ.

ಇಂಥ ಶಾಟ್‌ಗೆ ಇನ್ನೊಂದು ಟೇಕ್ ಅಂದರೆ ಹೊಸ ಕಾಗದ ಕಟ್ಟಬೇಕು, ಟ್ಯಾಂಕ್ ತುಂಬಬೇಕು, ಸೆಟ್ ಒಣಗಿಸಬೇಕು, ಸಮವಸ್ತ್ರ ಬದಲಿಸಬೇಕು, ಪ್ರೊಜೆಕ್ಟರಿನ ಫಿಲ್ಮನ್ನು ಮತ್ತೆ ಮೊದಲಿಗೆ ಸುತ್ತಬೇಕು. ಆದ್ದರಿಂದ ತಯಾರಿಯಲ್ಲೇ ಎಲ್ಲ ಇರುತ್ತದೆ.

ಮಾಡೆಲ್ ವಿಮಾನ ಬೀಳಿಸಿದ್ದರೆ ಆಗುತ್ತಿರಲಿಲ್ಲವೇ?

ಹೊರಗಿನಿಂದ ವಿಮಾನ ತೋರಿಸುವ ಕಡೆ ಈ ಚಿತ್ರದಲ್ಲೂ ಮಾಡೆಲ್ ಇದೆ. ಆದರೆ ವಿಮಾನವನ್ನು ಚಿಕ್ಕದು ಮಾಡಬಹುದು, ನೀರನ್ನು ಮಾಡಲಾಗದು. ಹನಿಯ ಗಾತ್ರ ಮಾಡೆಲ್ ನೋಡಿ ಕುಗ್ಗುವುದಿಲ್ಲ. ಪುಟ್ಟ ವಿಮಾನದ ಪಕ್ಕ ಹನಿಗಳು ತೆಂಗಿನಕಾಯಿಯಷ್ಟು ಕಾಣುತ್ತವೆ. ಕ್ಯಾಮೆರಾವನ್ನು ವೇಗವಾಗಿ ಓಡಿಸಿ, ಮಾಮೂಲಿ ವೇಗದಲ್ಲಿ ತೋರಿಸಿ ಸ್ವಲ್ಪ ಮಟ್ಟಿಗೆ ಸರಿಮಾಡುತ್ತಾರೆ. ಮಾಡೆಲ್ ಅಸಲಿಯ 16ನೇ ಒಂದು ಪಾಲು ಇದ್ದರೆ ಕ್ಯಾಮೆರಾ ನಾಲ್ಕು ಪಟ್ಟು, ಅಂದರೆ ಸೆಕೆಂಡಿಗೆ 96 ಫ್ರೇಮ್ ಓಡಬೇಕು. ಚಲನೆ ಆಗ ಭಾರವಾಗಿ ಕಾಣುತ್ತದೆ, ಹನಿ ಮಾತ್ರ ದೊಡ್ಡದೇ ಉಳಿಯುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಮಾಡೆಲ್ ತೋರಿಸಿದರೆ ನಾವು ಹೊರಗೆ ನಿಂತು ಅಪಘಾತ ನೋಡುತ್ತೇವೆ. ಈ ಶಾಟ್ ನಮ್ಮನ್ನು ಒಳಗೆ ಕೂರಿಸಿ ಬೀಳಿಸುತ್ತದೆ. ಆ ನಿರ್ಧಾರವೇ ಇದರ ಜೀವ.

ರೆಕ್ಕೆಗೆ ಹಳಿ

ವಿಮಾನ ಬಿದ್ದ ಮೇಲಿನ ದೃಶ್ಯಕ್ಕೆ ಜನ ಅಷ್ಟು ಗಮನ ಕೊಡುವುದಿಲ್ಲ. ಕೊಡಬೇಕು. ಮುಳುಗುತ್ತಿರುವ ವಿಮಾನದಿಂದ ಒಂದು ರೆಕ್ಕೆ ಕಳಚಿ, ಮೇಲಿದ್ದ ಜನರ ಸಮೇತ ತೇಲಿ ಬೇರೆಯಾಗುತ್ತದೆ. ಇಲ್ಲಿ ನಟರು ಮೇಲೆ ನಿಲ್ಲಬಲ್ಲ ದೊಡ್ಡ ರೆಕ್ಕೆಯೇ ಬೇಕು. ಅದನ್ನು ಸುಮ್ಮನೆ ನೀರಿನಲ್ಲಿ ತೇಲಿಬಿಟ್ಟರೆ ಎಲ್ಲಿಗೆ ಹೋಗುತ್ತದೋ ಹೇಳಲಾಗದು. ಚೌಕಟ್ಟಿನಿಂದಾಚೆ ಹೋಗಬಹುದು, ಮಗುಚಬಹುದು. ಹಿಚ್‌ಕಾಕ್ ತಂಡ ದೊಡ್ಡ ಟ್ಯಾಂಕಿನ ತಳದಲ್ಲಿ ಹಳಿ ಹಾಕಿ ವಿಮಾನವನ್ನು ಅದರ ಮೇಲೆ ನಿಲ್ಲಿಸಿತು. ಮುಖ್ಯ ಹಳಿಯಿಂದ ರೈಲಿಗೆ ಇರುವ ಹಾಗೆ ಒಂದು ಕವಲು ಹಳಿ. ರೆಕ್ಕೆ ಕಳಚಿದಾಗ ಅದು ಆ ಕವಲಿನ ಮೇಲೆ ಜಾರಿ ಹೋಯಿತು. ಮೇಲೆ ನೋಡುವವರಿಗೆ ಅಲೆ ಎಳೆದುಕೊಂಡು ಹೋದಂತೆ ಕಾಣುತ್ತದೆ. ಕೆಳಗೆ, ನೀರಿನಡಿ, ಒಂದು ಜಂಕ್ಷನ್ ಕೆಲಸ ಮಾಡುತ್ತಿತ್ತು. ಈ ರೆಕ್ಕೆ ಎಲ್ಲರ ಭಾರ ಹೊರಲಾರದು ಎಂದು ತಿಳಿದು ಸ್ಟೀಫನ್ ಫಿಶರ್ ಎಂಬ ಗೂಢಚಾರ ನೀರಿಗೆ ಇಳಿದುಬಿಡುತ್ತಾನೆ. ಮಗಳ ಕಣ್ಣೆದುರಿನ ಆ ನಿರ್ಗಮನ ನಂಬುವಂತಾಗಿರುವುದು ರೆಕ್ಕೆಯ ಭಾರ ನಿಜವಾಗಿ ಕಂಡದ್ದರಿಂದ.

ಯಾರ ಕೈಕೆಲಸ

ನಿರ್ಮಾಪಕ ವಾಲ್ಟರ್ ವೇಂಜರ್. ಪತ್ರಕರ್ತ ವಿನ್ಸೆಂಟ್ ಶೀನ್ ಅವರ ಆತ್ಮಕಥನದ ಹಕ್ಕು ಕೊಂಡಿದ್ದವರು ಅವರೇ. ಚಿತ್ರವಾಗುವ ಹೊತ್ತಿಗೆ ಆ ಪುಸ್ತಕದಲ್ಲಿ ಉಳಿದದ್ದು ಅತ್ಯಲ್ಪ. ಹಿಚ್‌ಕಾಕ್ ಆಗ ಇನ್ನೊಬ್ಬ ನಿರ್ಮಾಪಕ ಡೇವಿಡ್ ಸೆಲ್ಜ್‌ನಿಕ್ ಬಳಿ ಒಪ್ಪಂದದಲ್ಲಿದ್ದು, ಈ ಚಿತ್ರಕ್ಕೆ ಎರವಲು ಬಂದಿದ್ದರು. ‘ರೆಬೆಕಾ’ ಆದ ಮೇಲೆ ಹಾಲಿವುಡ್‌ನಲ್ಲಿ ಇದು ಅವರ ಎರಡನೇ ಚಿತ್ರ. ಚಿತ್ರಕಥೆ ಚಾರ್ಲ್ಸ್ ಬೆನೆಟ್ ಮತ್ತು ಜೋನ್ ಹ್ಯಾರಿಸನ್ ಅವರದು, ಛಾಯಾಗ್ರಹಣ ರುಡಾಲ್ಫ್ ಮಾಟೆ, ಕಲಾ ನಿರ್ದೇಶನ ಅಲೆಕ್ಸಾಂಡರ್ ಗೋಲಿಟ್ಜೆನ್. ‘ಗಾನ್ ವಿತ್ ದ ವಿಂಡ್’ ಚಿತ್ರದ ದೃಶ್ಯವಿನ್ಯಾಸ ಮಾಡಿದ್ದ ವಿಲಿಯಂ ಕ್ಯಾಮೆರಾನ್ ಮೆನ್ಜೀಸ್ ವಿಶೇಷ ದೃಶ್ಯಗಳಿಗೆ ದುಡಿದರು, ಟ್ರಿಕ್ ಛಾಯಾಗ್ರಹಣ ಪಾಲ್ ಈಗ್ಲರ್ ಅವರದು.

ಇದೇ ಕೈಗಳು ಆಮ್‌ಸ್ಟರ್‌ಡಾಮಿನ ಚೌಕವನ್ನೂ ಸ್ಟುಡಿಯೊದಲ್ಲೇ ಕಟ್ಟಿದವು. ಮಳೆಯಲ್ಲಿ ಕೊಲೆ ಮಾಡಿ ಕೊಡೆಗಳ ಕೆಳಗೆ ನುಸುಳಿ ಓಡುವ ಹಂತಕನನ್ನು ಮೇಲಿನಿಂದ ಕಾಣುವುದು ಅಲುಗುವ ಕೊಡೆಗಳಿಂದ ಮಾತ್ರ. ಅಷ್ಟು ಮಳೆ ಸುರಿಸಿದರೆ ನೀರು ಹೋಗಲು ದಾರಿ ಬೇಕು, ಅದಕ್ಕೆ ಸೆಟ್ ಅಡಿಯಲ್ಲಿ ದೊಡ್ಡ ಚರಂಡಿ ವ್ಯವಸ್ಥೆಯನ್ನೇ ಮಾಡಿದ್ದರು. ಇಡೀ ಚಿತ್ರವೇ ಒಂದು ರೀತಿ ನೀರಿನ ಎಂಜಿನಿಯರಿಂಗ್. ಎರಡನೇ ಮಹಾಯುದ್ಧ ಬರಿಯ ಕಥೆಯಲ್ಲಷ್ಟೇ ಇರಲಿಲ್ಲ. ಹಾಲೆಂಡಿನ ಹಿನ್ನೆಲೆ ದೃಶ್ಯ ತರಲು ಹೋದ ಕ್ಯಾಮೆರಾಮನ್ ಇದ್ದ ಹಡಗಿಗೆ ಟಾರ್ಪಿಡೊ ಬಿದ್ದು ಸಲಕರಣೆ ಎಲ್ಲ ಹೋಯಿತು, ಅವರು ಎರಡನೇ ಸಲ ಹೋಗಿ ಬರಬೇಕಾಯಿತು. ವಾನ್ ಮೇರ್ ಪಾತ್ರದ ಆಲ್ಬರ್ಟ್ ಬಾಸರ್‌ಮನ್ ನಾಜಿ ಜರ್ಮನಿ ಬಿಟ್ಟು ಬಂದ ಹಿರಿಯ ನಟ. ಇಂಗ್ಲಿಷ್ ಬಾರದೆ ಪ್ರತಿ ಸಾಲನ್ನೂ ಉಚ್ಚಾರಣೆಯಿಂದಲೇ ಬಾಯಿಪಾಠ ಮಾಡಿದರು.

ಈಗಿರುವ ಮುಕ್ತಾಯವೂ ಆಮೇಲೆ ಸೇರಿದ್ದು. ಚಿತ್ರೀಕರಣ ಮುಗಿದ ಬಳಿಕ ಇಂಗ್ಲೆಂಡಿಗೆ ಹೋಗಿ ಬಂದ ಹಿಚ್‌ಕಾಕ್, ಬಾಂಬ್ ದಾಳಿ ಯಾವ ಕ್ಷಣದಲ್ಲಾದರೂ ಶುರುವಾಗಬಹುದು ಎಂಬ ಸುದ್ದಿ ತಂದರು. ಬೆನ್ ಹೆಕ್ಟ್ ಹೊಸ ದೃಶ್ಯ ಬರೆದರು: ಲಂಡನ್ನಿನ ರೇಡಿಯೊ ಕೇಂದ್ರ, ಮೇಲೆ ಬಾಂಬು, ದೀಪ ಆರಿದರೂ ವರದಿಗಾರ ಅಮೆರಿಕಕ್ಕೆ ಮಾತು ನಿಲ್ಲಿಸುವುದಿಲ್ಲ. ಅದನ್ನು 1940ರ ಜುಲೈನಲ್ಲಿ ತೆಗೆದು ಆಗಸ್ಟ್‌ನಲ್ಲಿ ಚಿತ್ರ ಬಿಡುಗಡೆ ಮಾಡಿದರು. ಲಂಡನ್ ಮೇಲೆ ಬ್ಲಿಟ್ಜ್ ದಾಳಿ ಶುರುವಾದದ್ದು ಸೆಪ್ಟೆಂಬರ್ 7ರಂದು.

ಮನೆಯಲ್ಲಿ ಆ ಹರಿದ ಕಾಗದ ಹುಡುಕಬೇಕೆಂದರೆ ಒಳ್ಳೆಯ ಪ್ರತಿ ಹಿಡಿದು ಒಂದೊಂದೇ ಫ್ರೇಮ್ ಸರಿಸಿ. ಸಮುದ್ರ ಕಿಟಕಿ ತುಂಬಿದ ಮೇಲೆ ಮೊದಲ ಬಿಳಿ ಚಿಮ್ಮು ಕಾಣುವ ಜಾಗದಿಂದ ಮುಂದಿನ ನಾಲ್ಕೈದು ಫ್ರೇಮ್ ಸಾಕು. ದೃಷ್ಟಿ ನಡುವೆ ಇಡಬೇಡಿ, ಕಿಟಕಿಯ ಮೂಲೆಗಳಲ್ಲಿಡಿ. ನೀರು ಕೊನೆಗೆ ತಲುಪುವುದು ಅಲ್ಲಿಗೆ.

ಆಸ್ಕರ್‌ಗೆ ಈ ಚಿತ್ರ ಆರು ವಿಭಾಗಗಳಲ್ಲಿ ನಾಮನಿರ್ದೇಶನ ಪಡೆದು ಒಂದನ್ನೂ ಗೆಲ್ಲಲಿಲ್ಲ. ಶ್ರೇಷ್ಠ ಚಿತ್ರ ಪ್ರಶಸ್ತಿ ಹಿಚ್‌ಕಾಕ್ ಅವರದೇ ‘ರೆಬೆಕಾ’ಗೆ ಹೋಯಿತು. ವಿಶೇಷ ಪರಿಣಾಮಗಳ ಪ್ರಶಸ್ತಿ ಪಡೆದದ್ದು ‘ದ ಥೀಫ್ ಆಫ್ ಬಾಗ್ದಾದ್’. ಅದರಲ್ಲಿ ಕಳ್ಳ ಹುಡುಗನ ಪಾತ್ರ ಮಾಡಿದವರು ನಮ್ಮ ಮೈಸೂರು ಸೀಮೆಯ ಕಾರಾಪುರದಲ್ಲಿ ಹುಟ್ಟಿದ ಸಾಬು.